ನೀರು ಕೇಳುವ ಬ್ಯಾಟರಿ

ಕೀಲಿ ತಿರುಗಿಸಿದಳು. ಟಕ್... ಟಕ್... ಅಷ್ಟೇ.

ಸುಹೈಲಾ ಇನ್ನೊಮ್ಮೆ ತಿರುಗಿಸಿದಳು. ಈ ಸಲ ಕಾರು ಅಷ್ಟನ್ನೂ ಅನ್ನಲಿಲ್ಲ.

ಪಕ್ಕದ ಸೀಟಿನಲ್ಲಿ ತಾಯಿ ಹಲೀಜಾ ಶಾಲು ಹೊದ್ದು ಕೂತಿದ್ದರು. ಮುವಾರ್ ಪಟ್ಟಣದ ಡಯಾಲಿಸಿಸ್ ಕೇಂದ್ರದಲ್ಲಿ ಏಳು ಗಂಟೆಗೆ ಅವರ ಸರದಿ. ವಾರಕ್ಕೆ ಮೂರು ದಿನ, ಒಂದು ದಿನವೂ ತಪ್ಪುವಂತಿಲ್ಲ. ಅಪ್ಪ ಬಿಟ್ಟುಹೋದ ಈ ಹಳೇ ಕಾರೇ ಅವರಿಬ್ಬರಿಗೂ ಕೈಕಾಲು.

"ಹಾರ್ನ್ ಹೊಡೆದು ನೋಡೇ," ಅಂದರು ತಾಯಿ.

"ಹಾರ್ನ್ ಹೊಡೆದ್ರೆ ಇಂಜಿನ್ ಏಳುತ್ತಾ ಮಾಕ್? ಸುಮ್ನಿರಿ," ಅಂದಳು ಅಮ್ಮನಿಗೆ.

ಗೇಟಿನ ಎದುರಿನ ಕಂಬಕ್ಕೆ ಯಾರೋ ಅಂಟಿಸಿದ್ದ ಬ್ಯಾಟರಿ ಅಂಗಡಿಯ ನಂಬರಿಗೆ ಫೋನ್ ಮಾಡಿದಳು. ಹತ್ತೇ ನಿಮಿಷಕ್ಕೆ ಒಂದು ಬಿಳಿ ವ್ಯಾನು ಬಂದು ನಿಂತಿತು. ಇಳಿದವನು ಲುಂಗಿಯಂಥ ಚೌಕಳಿ ಸಾರಂಗ್ ಉಟ್ಟಿದ್ದ, ತಲೆಯ ಮೇಲೆ ಕಪ್ಪು ಟೋಪಿ. ಬೆಳಗಿನ ನಮಾಜು ಮುಗಿಸಿ ಮನೆಗೂ ಹೋಗದೆ ಓಡಿಬಂದಿದ್ದ.

"ಬಟ್ಟೆ ನೋಡಿ ಹೆದರ್ಬೇಡಿ. ನಾನೇ ಖೈರಿಲ್, ಬ್ಯಾಟರಿಯವನು," ಅಂದ.

ಸಾರಂಗ್ ಮೊಣಕಾಲಿಗೆ ಎತ್ತಿ ಕಟ್ಟಿಕೊಂಡ. ಹಳೇ ಬ್ಯಾಟರಿಯ ಟರ್ಮಿನಲ್‌ಗಳ ಮೇಲೆ ಹಿಟ್ಟಿನ ಹಾಗೆ ಬಿಳಿ ಪುಡಿ ಕಟ್ಟಿತ್ತು. ವ್ಯಾನಿನಿಂದ ವೈರು ಎಳೆದು ಕಾರಿಗೆ ಜೀವ ತರಿಸಿದ, ಇಂಜಿನ್ ಓಡುತ್ತಿರುವಾಗಲೇ ಮೀಟರ್ ಹಿಡಿದ. ಅವನ ಹುಬ್ಬು ಮೇಲೇರಿತು.

ಇಳಿಸಿ ಇಟ್ಟಿದ್ದ ಹೊಸ ಬ್ಯಾಟರಿಯನ್ನು ವಾಪಸ್ ವ್ಯಾನಿಗೆ ಹಾಕಿ, ಮುಚ್ಚಳಗಳಿದ್ದ ಬೇರೊಂದನ್ನು ತಂದ.

"ನೋಡಿ ಚಿಕ್ ಸುಹೈಲಾ, ನಿಮ್ಮ ಡೈನಮೋ ಹದಿನೈದೂವರೆ ವೋಲ್ಟ್ ತೋರಿಸ್ತಿದೆ. ಅದಕ್ಕೆ ಈ ಬ್ಯಾಟರಿ..."

"ಯಾವುದೋ ಒಂದು ಹಾಕಿ ಅಬಾಂಗ್. ಅಮ್ಮನಿಗೆ ಹೊತ್ತಾಯ್ತು!" ಅಲ್ಲಿ ತುಸು ಹಿರಿಯ ಗಂಡಸನ್ನೂ ಅಬಾಂಗ್ ಅನ್ನುತ್ತಾರೆ, ಗಂಡನನ್ನೂ.

ಅವನು ಬಾಯಿ ಮುಚ್ಚಿ ಕೆಲಸ ಮುಗಿಸಿದ. ಬ್ಯಾಟರಿಯ ಮೈಮೇಲೆ ಬಿಳಿ ಬಣ್ಣದಲ್ಲಿ ಅವತ್ತಿನ ತಾರೀಖು ಬರೆದ.

"ಇದು ನೀರು ಕೇಳುತ್ತೆ. ತಿಂಗಳಿಗೊಂದು ಸಲ ಅಂಗಡಿಗೆ ಬನ್ನಿ, ತುಂಬಿಸಿ ಕೊಡ್ತೀನಿ."

ಸುಹೈಲಾ ತಲೆಯಾಡಿಸಿ ಹೊರಟಳು. ಡೈನಮೋದ ಆ ಒಂದು ಮಾತನ್ನು ಪೂರ್ತಿ ಕೇಳಿಸಿಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವಸರದಲ್ಲಿರುವವರಿಗೆ ಬುದ್ಧಿ ಹೇಳುವವರು ಯಾರು?

*

ತಿಂಗಳಿಗೊಂದು ಬುಧವಾರ. ಅಮ್ಮನನ್ನು ಕೇಂದ್ರದಲ್ಲಿ ಬಿಟ್ಟರೆ ನಾಲ್ಕು ಗಂಟೆ ಬಿಡುವು. ನದಿ ದಂಡೆಯ ಅಂಗಡಿಯಲ್ಲಿ ಖೈರಿಲ್ ಬಾನೆಟ್ ಎತ್ತುತ್ತಿದ್ದ, ಟರ್ಮಿನಲ್ ಮೇಲೆ ಬಿಸಿನೀರು ಹುಯ್ದು ಪುಡಿ ತೊಳೆಯುತ್ತಿದ್ದ, ಒಣಬಟ್ಟೆಯಲ್ಲಿ ಒರೆಸಿ ಚೂರು ಗ್ರೀಸ್ ಸವರುತ್ತಿದ್ದ. ಆಮೇಲೆ ಆರು ಮುಚ್ಚಳ ತೆಗೆದು, ಬಾಟಲಿಯಿಂದ ಬ್ಯಾಟರಿ ನೀರು ಹನಿಹನಿಯಾಗಿ.

ಐದು ನಿಮಿಷದ ಕೆಲಸ. ಅವನಿಗೆ ಒಂದು ಗಂಟೆ ಹಿಡಿಯುತ್ತಿತ್ತು!

ಅಷ್ಟರಲ್ಲಿ ಪಕ್ಕದ ಗಾಡಿಯಿಂದ ಸಾತೇ ಬರುತ್ತಿತ್ತು. ಬೆಳಗ್ಗೆಯೇ ಕೆಂಡದ ಮೇಲೆ ಸುಟ್ಟ ಮಾಂಸದ ಕಡ್ಡಿ ತಿನ್ನದಿದ್ದರೆ ಮುವಾರಿನವರಿಗೆ ದಿನ ಶುರುವಾಗುವುದಿಲ್ಲ.

"ನೀವು ತಿನ್ನೋದು ಐದೇ ಕಡ್ಡಿ. ಹೊಲಿಗೆ ಮಿಷನ್ ತುಳಿಯೋಕೆ ಇದು ಸಾಲಲ್ಲ," ಅನ್ನುತ್ತಿದ್ದ.

"ನಿಮ್ಮ ಕಡ್ಡಿ ಎಣಿಸಿದ್ರೆ ಒಂದು ಬೇಲಿ ಕಟ್ಟಬಹುದು," ಅನ್ನುತ್ತಿದ್ದಳು ಇವಳು.

ಆರು ಬುಧವಾರ ಹೀಗೆ ಕಳೆದವು. ಏಳನೆಯದಕ್ಕೆ ಸುಹೈಲಾ ಮೂರು ದಿನ ಮೊದಲೇ ಯಾವ ಬಟ್ಟೆ ಉಡಲಿ ಎಂದು ಅಲ್ಮೇರಾ ತೆಗೆದು ನಿಂತಿದ್ದಳು. ಕಳ್ಳತನದಲ್ಲಿ ಸಿಕ್ಕಿಬಿದ್ದವಳಂತೆ ಬೆಚ್ಚಿದಳು.

'ಬ್ಯಾಟರಿಗೆ ನೀರು ತುಂಬಿಸೋಕೆ ರೇಷ್ಮೆ ಬಟ್ಟೆ ಯಾಕೆ? ನಿಂಗೆ ತಲೆ ಕೆಟ್ಟಿದ್ಯಾ?'

ಅವಳಿಗೆ ಭಯವಾಯಿತು. ಐದು ವರ್ಷದ ಹಿಂದೆ ಒಬ್ಬ ಉಂಗುರ ತೊಡಿಸಿ, ಎರಡು ವರ್ಷ ಸಿಹಿಸಿಹಿಯಾಗಿ ಮಾತಾಡಿದ್ದ. ಅವನಿಗೆ ಬೇರೆ ಊರಲ್ಲಿ ಇನ್ನೊಂದು ಸಂಸಾರ ಇತ್ತು. ಇಡೀ ಬೀದಿಗೆ ಗೊತ್ತಾದ ಮೇಲೆ ಇವಳಿಗೆ ಗೊತ್ತಾಗಿದ್ದು. ಅವತ್ತಿನಿಂದ ಅವಳಿಗೆ ಬಡತನಕ್ಕಿಂತ, ಒಂಟಿತನಕ್ಕಿಂತ, ಮೋಸಹೋಗುವುದೇ ದೊಡ್ಡ ಹೆದರಿಕೆ.

ಆ ಸಂಜೆಯೇ ಹೊಲಿಯಲು ಕೊಟ್ಟಿದ್ದ ಬಟ್ಟೆ ಒಯ್ಯಲು ಬಂದ ಗಿರಾಕಿ ರೊಸ್ಮಿನಾ ಮಾತಿಗೆ ಮಾತು ಬಂದು ನಕ್ಕುಬಿಟ್ಟಳು.

"ಈ ಕಾಲದಲ್ಲಿ ಬ್ಯಾಟರಿಗೆ ನೀರು ಹಾಕೋರು ಯಾರೇ? ನಮ್ಮೆಜಮಾನ್ರು ಸೀಲ್ ಬ್ಯಾಟರಿ ಹಾಕ್ಸಿದ್ದಾರೆ, ಎರಡು ವರ್ಷ ಬಾನೆಟ್ಟೇ ಎತ್ತಿಲ್ಲ. ನಿಂಗೆ ಚೆನ್ನಾಗಿ ಟೋಪಿ ಹಾಕಿದ್ದಾನೆ ನೋಡು."

ಸುಹೈಲಾಳ ಕೈಯಲ್ಲಿದ್ದ ಸೂಜಿ ಬೆರಳಿಗೆ ಚುಚ್ಚಿತು.

*

ಬುಧವಾರ ಅವಳು ಹಳೇ ಬಟ್ಟೆಯಲ್ಲೇ ಹೋದಳು. ಸಾತೇ ಮುಟ್ಟಲಿಲ್ಲ.

"ನೀರು ಕೇಳದೇ ಇರೋ ಬ್ಯಾಟರಿ ಇದೆಯಂತೆ, ಹೌದಾ?"

"ಇದೆ," ಅಂದ ಖೈರಿಲ್.

"ಅವತ್ತು ವ್ಯಾನಲ್ಲಿತ್ತಾ?"

"...ಇತ್ತು."

"ಇಳಿಸಿದ್ದನ್ನ ನಾನೇ ನೋಡಿದ್ದೆ, ನೀವು ವಾಪಸ್ ಇಟ್ರಿ. ನಾನು ತಿಂಗಳು ತಿಂಗಳು ಇಲ್ಲಿಗೆ ಬರ್ಲಿ ಅಂತ ಹೀಗೆ ಮಾಡಿದ್ರಾ?"

ಖೈರಿಲ್ ಬಾಯಿ ತೆರೆದ. ಕಿವಿಯವರೆಗೂ ಕೆಂಪಾದ. ಮಾತು ಹೊರಡಲಿಲ್ಲ.

ಇಲ್ಲ ಅಂದಿದ್ದರೆ ಅವಳು ನಂಬುತ್ತಿದ್ದಳೋ ಏನೋ. ಆದರೆ ಅವನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಇಲ್ಲ ಅನ್ನುವುದು ಪೂರ್ತಿ ನಿಜವೂ ಆಗಿರಲಿಲ್ಲ.

"ನಿಮ್ಮ ಡೈನಮೋ..." ಎಂದು ಶುರುಮಾಡಿದ.

"ಸಾಕು. ನಾನು ಹೆಡ್ಡಿ ಅಂತ ನನಗೇ ಗೊತ್ತಿದೆ, ನೀವು ಹೇಳ್ಬೇಕಾಗಿಲ್ಲ."

ಕಾರಿನ ಬಾಗಿಲು ಧಡ್ ಎಂದು ಹಾಕಿಕೊಂಡಳು.

*

ಎರಡು ತಿಂಗಳ ಬುಧವಾರ ಹೋಗಲಿಲ್ಲ. ಅವನಿಂದ ಮೂರು ಸಲ ಫೋನ್ ಬಂತು. ಮೂರು ಸಲವೂ ಕಟ್ ಮಾಡಿದಳು, ಮಾಡಿ ಅರ್ಧ ಗಂಟೆ ಫೋನನ್ನೇ ನೋಡುತ್ತ ಕೂತಳು. ತೋಳು ಹೊಲಿಯುವಾಗ ಎಡಕ್ಕೆ ಬಲದ್ದು ಜೋಡಿಸಿ ಬಿಚ್ಚಿದಳು. ಬೆಳಗ್ಗೆ ಕೀಲಿ ತಿರುಗಿಸುವಾಗಲೆಲ್ಲ ಅದೇ ಯೋಚನೆ. ಇವತ್ತು ಏಳುತ್ತಾ? ಏಳದಿದ್ದರೆ ಯಾರನ್ನು ಕರೆಯಲಿ? ಛೇ... ಏಳದಿದ್ದರೇ ಒಳ್ಳೇದು ಎಂದು ಮನಸ್ಸಿನ ಒಂದು ಮೂಲೆ ಯಾಕೆ ಕಾಯುತ್ತಿದೆ?

ಮಗಳ ಚಡಪಡಿಕೆಯನ್ನು ತಾಯಿ ನೋಡುತ್ತಲೇ ಇದ್ದರು.

ಒಂದು ಶುಕ್ರವಾರ ಡಯಾಲಿಸಿಸ್ ಮುಗಿಸಿ ಹೊರಬಂದಾಗ ಹಲೀಜಾ ನಿತ್ರಾಣರಾಗಿದ್ದರು. ಸೀಟಿನಲ್ಲಿ ಕೂರಿಸಿ ಸುಹೈಲಾ ಕೀಲಿ ತಿರುಗಿಸಿದಳು.

ಟಕ್.

ಖೈರಿಲ್‌ನ ನಂಬರಿನ ಮೇಲೆ ಬೆರಳು ಹೋಗಿ ನಿಂತಿತು. ಇಲ್ಲ. ರಸ್ತೆಯ ಆಚೆ ಬದಿಯಲ್ಲಿ ಇನ್ನೊಂದು ಬ್ಯಾಟರಿ ಅಂಗಡಿ ಇತ್ತು. ಅದರ ಯಜಮಾನ, ಮುದುಕ ಸೆಂಗ್ ಅಂಕಲ್, ಚಪ್ಪಲಿ ಎಳೆದುಕೊಂಡು ಬಂದರು.

"ಸೀಲ್ ಬ್ಯಾಟರಿ ಹಾಕಿ ಅಂಕಲ್. ನೀರು ಗೀರು ಏನೂ ಬೇಡ."

ಅವರು ಮೊದಲು ತಂದಿದ್ದ ಬ್ಯಾಟರಿಯಿಂದ ವೈರು ಜೋಡಿಸಿ ಇಂಜಿನ್ ಎಬ್ಬಿಸಿದರು. ಮೀಟರ್ ಹಿಡಿದು ತಲೆ ಅಲ್ಲಾಡಿಸಿದರು.

"ಹದಿನೈದೂವರೆ. ನಿನ್ನ ಡೈನಮೋ ಬ್ಯಾಟರಿಗೆ ಹೊಟ್ಟೆ ಬಿರಿಯೋ ಹಾಗೆ ಉಣಿಸ್ತಿದೆಯಮ್ಮ. ಒಳಗಿನ ನೀರೆಲ್ಲ ಕುದ್ದು ಹೋಗುತ್ತೆ. ಸೀಲ್ ಬ್ಯಾಟರಿಗೆ ವಾಪಸ್ ನೀರು ಹಾಕೋಕಾಗಲ್ಲ, ನಾಲ್ಕು ತಿಂಗಳಿಗೆ ಊದಿಕೊಂಡು ಸಾಯುತ್ತೆ. ಇದನ್ನ ಹಾಕಿದೋನು ಕೆಲಸ ಬಲ್ಲೋನು. ನಿಂಗೆ ಹೇಳ್ಲಿಲ್ವಾ?"

ಹೇಳಿದ್ದ. ಸಾರಂಗ್ ಎತ್ತಿ ಕಟ್ಟಿಕೊಂಡು, ಮೀಟರ್ ಹಿಡಿದು ಹೇಳಹೊರಟಿದ್ದ. ಇವಳೇ ಬಾಯಿ ಮುಚ್ಚಿಸಿದ್ದಳು. ಒಂದು ಸಲವಲ್ಲ, ಎರಡು ಸಲ.



ಸೆಂಗ್ ಅಂಕಲ್ ಮುಚ್ಚಳ ತೆಗೆದು ಒಳಗೆ ಟಾರ್ಚ್ ಬಿಟ್ಟರು.

"ಅದ್ಸರಿ, ಇದಕ್ಕೆ ಏನು ನೀರು ಹಾಕಿದ್ದೀರಿ? ಇದು ಬ್ಯಾಟರಿ ನೀರಲ್ಲ."

ಕಾರಿನೊಳಗಿಂದ ಕ್ಷೀಣ ದನಿ ಬಂತು.

"ಯಾಸೀನ್ ಓದಿದ ನೀರು."

"ಮಾಕ್!"

"ಏನು ಮಾಕ್? ಆ ಹುಡುಗ ಇದಕ್ಕೆ ನೀರು ಬೇಕು ಅಂತ ಹೇಳಿರ್ಲಿಲ್ವಾ? ನೀನು ಹೋಗ್ತಿಲ್ಲ. ಮಸೀದಿಯಲ್ಲಿ ಪ್ರಾರ್ಥನೆ ಓದಿಸಿ ತಂದಿದ್ದೆ. ಒಂದು ಲೋಟ ನಾನು ಕುಡಿದೆ, ಉಳಿದದ್ದು ಅದಕ್ಕೆ ಹಾಕಿದೆ. ಕಾರೂ ಸರಿಹೋಗ್ಲಿ, ನಿಮ್ಮಿಬ್ಬರ ಜಗಳಾನೂ ಸರಿಹೋಗ್ಲಿ ಅಂತ."

ಸೆಂಗ್ ಅಂಕಲ್ ನಗು ತಡೆದುಕೊಂಡು ಹಲೀಜಾ ಕಡೆ ತಿರುಗಿದರು. "ಪ್ರಾರ್ಥನೆ ತಪ್ಪಲ್ಲ ಮಾಕ್‌ಚಿಕ್, ನೀರು ತಪ್ಪು. ಕುಡಿಯೋ ನೀರಲ್ಲಿ ಉಪ್ಪು, ಸುಣ್ಣ ಎಲ್ಲ ಇರುತ್ತೆ. ಇದಕ್ಕೆ ಏನೂ ಇಲ್ಲದ ಬರೀ ನೀರೇ ಬೇಕು. ಹಾಕಿದೋನ ಹತ್ರಾನೇ ಹೋಗಮ್ಮ. ಅಲ್ಲಿವರೆಗೂ ಇಂಜಿನ್ ಆಫ್ ಮಾಡ್ಬೇಡ. ಮುಂದೆ ನೀನೇ ತುಂಬೋದು ಕಲಿತ್ಕೋ, ಐದು ನಿಮಿಷದ ಕೆಲಸ, ಮಕ್ಕಳೂ ಮಾಡ್ತಾರೆ."

ದಾರಿಯುದ್ದಕ್ಕೂ ಆ ಮಾತೇ ಕೊರೆಯಿತು. ಐದು ನಿಮಿಷದ ಕೆಲಸ... ಮಕ್ಕಳೂ ಮಾಡ್ತಾರೆ... ಹಾಗಾದರೆ ಅವನು ಯಾಕೆ ಕಲಿಸಲಿಲ್ಲ?

*

ಅಂಗಡಿಯ ಮುಂದೆ ಕಾರು ಗಡಗಡ ಅನ್ನುತ್ತಲೇ ನಿಂತಿತು. ಅಮ್ಮ ಕಣ್ಣು ಮುಚ್ಚಿ ಒರಗಿದ್ದರು. ಖೈರಿಲ್ ಹೊರಗೆ ಬಂದವನು ಎರಡು ಹೆಜ್ಜೆ ದೂರದಲ್ಲೇ ನಿಂತ.

"ತಪ್ಪಾಯ್ತು," ಅಂದಳು ಸುಹೈಲಾ. ಇಂಜಿನ್ ಸದ್ದಿಗೆ ಜೋರಾಗಿಯೇ ಹೇಳಬೇಕಾಯಿತು. "ಹದಿನೈದೂವರೆ ಅಂದ್ರೆ ಏನು ಅಂತ ಇವತ್ತು ಗೊತ್ತಾಯ್ತು. ನೀವು ಮೋಸ ಮಾಡಿರ್ಲಿಲ್ಲ."

ಅವನು ಒಳಗೆ ಹೋಗಿ ಒಂದು ಪುಟ್ಟ ಪೊಟ್ಟಣ ತಂದ. ಮೇಲೆ ಅವಳ ಕಾರಿನ ನಂಬರು ಬರೆದಿತ್ತು.

"ಡೈನಮೋದ ರೆಗ್ಯುಲೇಟರ್. ಈ ಹಳೇ ಕಾರಿಗೆ ಹೊಸದು ಸಿಗಲ್ಲ. ಏಳು ತಿಂಗಳಿಂದ ಹುಡುಕ್ತಿದ್ದೆ, ಬಾತು ಪಹಾತ್ ಊರಿನ ಗುಜರಿಯಲ್ಲಿ ಸಿಕ್ತು. ಅದಕ್ಕೇ ಫೋನ್ ಮಾಡಿದ್ದು. ಇದನ್ನ ಕೂರಿಸಿದ್ರೆ ಚಾರ್ಜ್ ಹದಕ್ಕೆ ಬರುತ್ತೆ. ಸೀಲ್ ಬ್ಯಾಟರಿ ಹಾಕಬಹುದು. ಆಮೇಲೆ ನೀವು... ಇಲ್ಲಿಗೆ ಬರೋ ಅಗತ್ಯ ಇರಲ್ಲ."

ಕೊನೆಯ ಮಾತು ಹೇಳುವಾಗ ಅವನು ಪೊಟ್ಟಣವನ್ನೇ ನೋಡುತ್ತಿದ್ದ.

"ಅವತ್ತು ಕೇಳಿದಾಗ ಯಾಕೆ ಸುಮ್ನಾದ್ರಿ?"

"ನೀವು ಹೇಳಿದ್ರಲ್ಲಿ ಅರ್ಧ ನಿಜ ಇತ್ತು." ಅವನು ತಲೆ ಎತ್ತಿದ. "ಬ್ಯಾಟರಿ ಆರಿಸಿದ್ದು ಕಾರಿಗೋಸ್ಕರ. ಆಣೆಗೂ ಅಷ್ಟೇ. ಆದ್ರೆ ನೀರು ತುಂಬೋದನ್ನ ಮೊದಲನೇ ದಿನವೇ ಹೇಳಿಕೊಡಬಹುದಿತ್ತು. ಹೇಳಿಕೊಡಲಿಲ್ಲ. ಅದು ನನಗೋಸ್ಕರ."

ಸುಹೈಲಾಳ ಕಣ್ಣಲ್ಲಿ ನೀರಾಡಿತು. ಒಬ್ಬ ಎರಡು ವರ್ಷ ಪೂರ್ತಿ ಸುಳ್ಳು ಹೇಳಿದ್ದ. ಇವನೊಬ್ಬ, ಅರ್ಧ ನಿಜಕ್ಕಾಗಿ ಎರಡು ತಿಂಗಳು ಶಿಕ್ಷೆ ತಿಂದು ಸುಮ್ಮನಿದ್ದಾನೆ. ಇಂಥವನನ್ನು ಎಲ್ಲಿ ಹುಡುಕಲಿ ನಾನು?

"ರೆಗ್ಯುಲೇಟರ್ ಹಾಕಿ," ಅಂದಳು. "ಅಮ್ಮನ್ನ ಕರ್ಕೊಂಡು ಹೋಗೋ ಗಾಡಿ, ಅದು ಸರಿ ಇರ್ಲೇಬೇಕು."

"ಹ್ಞೂಂ." ಅವನ ದನಿ ಇಳಿಯಿತು. "ಬ್ಯಾಟರಿ? ಸೀಲ್ ಇರೋದೇ ತರ್ಲಾ?"

"ಬೇಡ."

"ಮತ್ತೆ?"

"ನೀರು ಕೇಳೋದೇ ಹಾಕಿ."

ಖೈರಿಲ್ ಅವಳ ಮುಖ ನೋಡಿದ. ತಾನು ಕೇಳಿಸಿಕೊಂಡದ್ದು ಸರಿಯೇ ಎಂದು ಇನ್ನೊಮ್ಮೆ ನೋಡಿದ.

"ತಿಂಗಳು ತಿಂಗಳು ಬರ್ಬೇಕಾಗುತ್ತೆ, ಸುಹೈಲಾ," ಅಂದ. ಹೆಸರಿನ ಮೊದಲು ಮರ್ಯಾದೆಗೆ ಸೇರಿಸುತ್ತಿದ್ದ 'ಚಿಕ್' ಎಲ್ಲೋ ಬಿಟ್ಟುಹೋಗಿತ್ತು.

"ಗೊತ್ತು."

ಕಣ್ಣು ಮುಚ್ಚಿಕೊಂಡೇ ಹಲೀಜಾ ಗೊಣಗಿದರು. "ನೀರು ತಪ್ಪಂತೆ... ಕೆಲಸ ಆಯ್ತಲ್ಲ."

ಇಬ್ಬರೂ ನಕ್ಕರು. ಅವನು ಬಾನೆಟ್ ಎತ್ತಿದ, ಅವಳು ಪಕ್ಕಕ್ಕೆ ಬಂದು ನಿಂತಳು.

"ಇವತ್ತಾದ್ರೂ ನೀರು ತುಂಬೋದು ಹೇಳಿಕೊಡ್ಲಾ?" ಕೇಳಿದ ಮೆಲ್ಲಗೆ.

"ಬೇಡ ಅಬಾಂಗ್," ಅಂದಳು ಸುಹೈಲಾ. "ನಂಗೆ ಯಾವತ್ತೂ ಹೇಳಿಕೊಡ್ಬೇಡಿ."