ಹಿಮಶರಭ ಮತ್ತು ದುಗ್ಗಯ್ಯನ ಹೊಟ್ಟೆಕಿಚ್ಚು

ಬಹಳ ಹಿಂದೆ, ಬೆಟ್ಟಗಳಿಗೆ ಇನ್ನೂ ಕಿವಿ ಇದ್ದ ಕಾಲದಲ್ಲಿ, ಬೆಳ್ಗೋಡು ಎಂಬ ರಾಜ್ಯವಿತ್ತು. ಆ ರಾಜ್ಯಕ್ಕೆ ಉಪ್ಪು ಬರಬೇಕಾದರೆ ಹಿಮದ ಬೆಟ್ಟ ದಾಟಬೇಕು. ಬೆಟ್ಟದ ಇಳಿಜಾರಿನೊಳಗೆ ಹಿಮಶರಭ ಎಂಬ ಎಂಟು ಕಾಲಿನ, ಆನೆಯಂತೆ ಸೊಂಡಿಲಿನ ಮೃಗ ಮಲಗಿತ್ತು. ಅದು ಮಗ್ಗುಲು ಬದಲಿಸಿದರೆ ಇಡೀ ಇಳಿಜಾರು ಕುಸಿದು ಕೆಳಗೆ ಬರುತ್ತಿತ್ತು.

ಜನರನ್ನು ಬೆಟ್ಟ ದಾಟಿಸುವವನು ದುಗ್ಗಯ್ಯ. ಹನ್ನೆರಡು ವರ್ಷದಲ್ಲಿ ಒಬ್ಬರನ್ನೂ ಕಳೆದುಕೊಂಡಿರಲಿಲ್ಲ. ಅದರಲ್ಲಿ ಅರ್ಧ ಅನುಭವ, ಅರ್ಧ ಅದೃಷ್ಟ. ಅವನು ಮಾತ್ರ ಎರಡೂ ತನ್ನ ಜಾಣತನವೇ ಎಂದುಕೊಂಡಿದ್ದ.

ಹೀಗಿರುವಾಗ ನೀಲಬ್ಬೆ ಎಂಬ ಹೆಂಗಸು ಗುದ್ದಲಿ ಹಿಡಿದು ಊರೂರು ತಿರುಗತೊಡಗಿದಳು. ಅವಳ ತಮ್ಮ ಹಿಮದಡಿ ಸತ್ತಿದ್ದ. ಇನ್ನೊಬ್ಬರ ತಮ್ಮ ಹಾಗೆ ಸಾಯಬಾರದೆಂಬುದು ಅವಳ ಹಟ. ಇಳಿಜಾರಿಗೆ ಕಾಲಿಡುವ ಮುಂಚೆ ಅಂಚಿನಲ್ಲಿ ಸೊಂಟದಾಳ ಗುಂಡಿ ತೋಡಿ ನೋಡಿ ಎನ್ನುತ್ತಿದ್ದಳು. ಹಿಮ ರೊಟ್ಟಿಗಳಂತೆ ಒಂದರ ಮೇಲೊಂದು ಕೂತಿರುತ್ತದೆ; ನಡುವೆ ಸಕ್ಕರೆಯಂಥ ಪುಡಿ ಕಂಡರೆ ಹಿಂದಿರುಗಿ. ಗಟ್ಟಿಯಿದ್ದರೂ ಒಬ್ಬೊಬ್ಬರಾಗಿ ದಾಟಿ. ಸೊಂಟಕ್ಕೆ ಉದ್ದನೆಯ ಕೆಂಪು ದಾರ ಕಟ್ಟಿಕೊಳ್ಳಿ. ಮನುಷ್ಯ ಹೂತುಹೋದರೂ ದಾರದ ತುದಿ ಮೇಲೆ ಉಳಿಯುತ್ತದೆ.

ಜನ ಮೊದಲು ನಕ್ಕರು. ಆಮೇಲೆ ಕೇಳಿದರು. ಆಮೇಲೆ ಮನೆಗೆ ಕರೆದು ತುಪ್ಪ ಹಾಕಿ ಊಟ ಬಡಿಸಿದರು. ಆ ತುಪ್ಪವೇ ದುಗ್ಗಯ್ಯನ ಹೊಟ್ಟೆಗೆ ಬೆಂಕಿ ಇಟ್ಟಿತು. ಹನ್ನೆರಡು ವರ್ಷ ದಾಟಿಸಿದವನಿಗೆ ಒಂದು ಲೋಟ ಮಜ್ಜಿಗೆ ಇಲ್ಲ, ಗುಂಡಿ ತೋಡುವವಳಿಗೆ ತುಪ್ಪ. ಅವನಿಗೆ ಅನ್ನ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ.

ಅವನು ಮಂಜಿನ ಗವಿಯ ಮಾಂತ್ರಿಕ ಕಾಳದಂತನ ಬಳಿಗೆ ಹೋದ. ಶರಭದ ಬಾಲ ಮಾಂತ್ರಿಕನ ಕೈಯಲ್ಲಿತ್ತು; ಬಿಗಿಹಿಡಿದಿದ್ದರೆ ಅದು ಅಲುಗದು, ಎಳೆದರೂ ಬಿಟ್ಟರೂ ಏಳುವುದು. ನೀಲಬ್ಬೆಯ ಮಾತು ಸುಳ್ಳಾಗಬೇಕೆಂದು ದುಗ್ಗಯ್ಯ ಕೇಳಿಕೊಂಡ. ಆಗಲಿ, ಆದರೆ ನೀನು ಕೇಳಿದ್ದು ಯಾರಿಗೂ ತಿಳಿಯಬಾರದು, ತಿಳಿದರೆ ಮಾಟ ಮುರಿಯುತ್ತದೆ ಎಂದ ಮಾಂತ್ರಿಕ.

ಮೊದಲ ಸಲ ಕಾಳದಂತ ಹಿಮದ ನಡುವೆ ಪುಡಿ ಊದಿದ. ನೀಲಬ್ಬೆ ಗುಂಡಿ ತೋಡಿದಳು, ಪುಡಿ ಕಂಡಳು, ನಲವತ್ತು ಜನರೊಂದಿಗೆ ಹಿಂದಿರುಗಿದಳು. ದುಗ್ಗಯ್ಯನ ಹೊಟ್ಟೆ ಉರಿಯಿತು.

ಎರಡನೆಯ ಸಲ ಬಾಲ ಎಳೆದು ಶರಭವನ್ನು ಎಬ್ಬಿಸಿದ. ಇಳಿಜಾರಿನಲ್ಲಿ ಆಗ ಇದ್ದವನು ಕುಂಬಾರ ಬೊಮ್ಮಯ್ಯ ಒಬ್ಬನೇ. ಅವನು ಹೂತುಹೋದ, ದಾರದ ತುದಿ ಕಾಣಿಸಿತು, ಎಲೆಯಡಿಕೆ ಜಗಿದು ಉಗುಳುವಷ್ಟರಲ್ಲಿ ಹೊರಗೆ ತೆಗೆದರು. ಜನ ನೀಲಬ್ಬೆಯನ್ನು ಹೆಗಲ ಮೇಲೆ ಹೊತ್ತು ಕುಣಿದರು. ದುಗ್ಗಯ್ಯನ ಹೊಟ್ಟೆ ಇನ್ನೂ ಉರಿಯಿತು. ಈ ದಾರ ತನಗೇಕೆ ಹೊಳೆಯಲಿಲ್ಲ ಎಂದು ಹಲ್ಲು ಕಡಿದ.

ಮೂರನೆಯ ಸಲ ಮಾಂತ್ರಿಕ, ಗುಂಡಿಯಿಲ್ಲದೆ, ದಾರವಿಲ್ಲದೆ ನೀನೇ ಜನರನ್ನು ದಾಟಿಸು, ನಾನು ಬಾಲ ಬಿಗಿಯಾಗಿ ಹಿಡಿದಿರುತ್ತೇನೆ ಎಂದ. ಅಂದು ಬೆಳಿಗ್ಗೆ ನೀಲಬ್ಬೆಯ ತಂಡ ದಾಟಿತ್ತು. ಮಧ್ಯಾಹ್ನದ ಬಿಸಿಲಿಗೆ ದುಗ್ಗಯ್ಯ ಇಪ್ಪತ್ತು ಉಪ್ಪಿನವರನ್ನು ಕರೆತಂದ. ಆಚೆ ಬದಿಯವರೆಗೂ ಅವರ ಹೆಜ್ಜೆಗುರುತು ಕಾಣುತ್ತಿತ್ತು.

"ಅವಳ ಹೆಜ್ಜೆ ತಡ್ಕೊಂಡ ಹಿಮ ನನ್ನ ಹೆಜ್ಜೆ ತಡ್ಕೊಳ್ಳಲ್ವಾ? ನಡೀರಿ," ಎಂದ.

ಯಾರೂ ಹೆಜ್ಜೆ ಇಡಲಿಲ್ಲ. ಬೆಳಗಿನ ಹಿಮ ಬೇರೆ, ಮಧ್ಯಾಹ್ನದ ಹಿಮ ಬೇರೆ, ಮೊದಲು ಗುಂಡಿ ತೋಡೋಣ ಎಂದರು. ದುಗ್ಗಯ್ಯನಿಗೆ ಅಳುವಷ್ಟು ಸಿಟ್ಟು ಬಂತು. ಒಬ್ಬನೇ ದಾಪುಗಾಲು ಹಾಕಿ ಹೊರಟ. ನಡುವೆ ತಲುಪಿದಾಗ ಕಾಳದಂತ ನಗುತ್ತಾ ಬಾಲ ಬಿಟ್ಟ. ಶರಭ ಎದ್ದಿತು, ಇಳಿಜಾರು ಬಂತು, ದುಗ್ಗಯ್ಯ ಕಾಣೆಯಾದ.

ಹಿಮದಡಿ ಕೈ ಆಡದು, ದನಿ ಏಳದು. ಮೇಲೆ ಎಲ್ಲರೂ ಅವನ ಹೆಸರು ಕೂಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನೀಲಬ್ಬೆ. ಆಚೆ ಬದಿಯಿಂದ ತನ್ನ ತಂಡದೊಂದಿಗೆ ಓಡಿಬಂದ ಅವಳು ಇಪ್ಪತ್ತು ಜನರನ್ನು ಹೆಗಲಿಗೆ ಹೆಗಲು ತಾಗಿಸಿ ನಿಲ್ಲಿಸಿದಳು. ಹೆಜ್ಜೆಗೊಮ್ಮೆ ಉದ್ದನೆಯ ಬಿದಿರಿನ ಗಳು ಚುಚ್ಚುತ್ತಾ ಬಂದರು. ಒಂದು ಗಳು ಅವನ ಭುಜಕ್ಕೆ ತಾಗಿತು.

ಹೊರಗೆ ತೆಗೆದಾಗ ಅವನ ತುಟಿ ನೀಲಿಯಾಗಿತ್ತು. ಸುಮ್ಮನಿದ್ದಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ.

"ಮಾಂತ್ರಿಕನ ಕೈಲಿ ಶರಭನ್ನ ಎಬ್ಬಿಸಿದ್ದು ನಾನೇ ಕಣವ್ವ," ಎಂದ. "ಜನ ನಿನ್ನ ಮೆಚ್ಚೋದು ನೋಡೋಕಾಗ್ಲಿಲ್ಲ."

ಅವನ ಮಾತು ಮುಗಿಯುತ್ತಲೇ ಮಾಟ ಮುರಿಯಿತು. ಶರಭ ಗವಿಗೆ ನುಗ್ಗಿ ಕಾಳದಂತನನ್ನು ಸೊಂಡಿಲಿಂದ ಎತ್ತಿ ಏಳು ಬೆಟ್ಟದಾಚೆ ಎಸೆದು, ತಾನೂ ಉತ್ತರಕ್ಕೆ ನಡೆದುಹೋಯಿತು.

ನೀಲಬ್ಬೆಯ ತಂಡದಲ್ಲಿದ್ದ ಬೊಮ್ಮಯ್ಯ ಗುದ್ದಲಿ ಎತ್ತಿಕೊಂಡು ದುಗ್ಗಯ್ಯನ ಮೇಲೆ ಬಂದ. ನೀಲಬ್ಬೆ ಅವನನ್ನು ತಡೆದು, ಗುದ್ದಲಿ ಕಿತ್ತುಕೊಂಡು ಹಿಮದಲ್ಲಿ ನೆಟ್ಟಳು.

"ನನ್ನ ತಮ್ಮ ಸತ್ತಿದ್ದು ನನ್ನ ಹಿಂದೆ ನಡೀತಾ," ಎಂದಳು. "ನಾನು ದಾಟಿಸಿದ್ದು ಒಬ್ಬನ್ನ, ಅವನ್ನೇ ಕಳ್ಕೊಂಡೆ. ನೀನು ಒಬ್ಬರನ್ನೂ ಕಳ್ಕೊಂಡಿರ್ಲಿಲ್ಲ. ನಿನ್ನ ಮುಖ ಕಂಡಾಗೆಲ್ಲ ನನ್ನ ಹೊಟ್ಟೇನೂ ಉರೀತಿತ್ತು."

ದುಗ್ಗಯ್ಯ ಹಿಮದಲ್ಲೇ ಕೂತು ಅತ್ತ.

ಶರಭ ಹೋದರೂ ಹಿಮ ಹಿಮವೇ ತಾನೆ. ಮುಂದಿನ ಚಳಿಗಾಲದಿಂದ ಇಬ್ಬರೂ ಕೂಡಿ ಊರೂರು ತಿರುಗಿದರು. ನೀಲಬ್ಬೆ ಗುಂಡಿ ತೋಡಿ ತೋರಿಸುವಳು, ದುಗ್ಗಯ್ಯ ತಾನು ಹೂತುಹೋದ ಕತೆ ಹೇಳುವನು. ಜನ ಅವನ ಕತೆಗೇ ಹೆಚ್ಚು ಮುಗಿಬಿದ್ದರು. ಒಂದು ದಿನ ನೀಲಬ್ಬೆ ಊಟದ ನಡುವೆ, ನನಗೆ ಉರೀತಿದೆ ಕಣೋ ಎಂದು ಎಲ್ಲರೆದುರೇ ಹೇಳಿಬಿಟ್ಟಳು. ದುಗ್ಗಯ್ಯ ನಕ್ಕು ತನ್ನ ಎಲೆಯ ಸಿಹಿಯನ್ನು ಅವಳ ಎಲೆಗೆ ಹಾಕಿದ. ಬೆಳ್ಗೋಡಿನ ಜನ ಉಪ್ಪು ತಂದು, ಉಂಡು, ತಂತಮ್ಮ ತಮ್ಮಂದಿರೊಂದಿಗೆ ಸುಖವಾಗಿ ಬಾಳಿದರು.