ಲೆನ್ಸಿನ ಮಡಿಲು

ಎಡಗಡೆಯ ಗೂಡಿಗೆ ಅಗಲದ ಲೆನ್ಸು ಇಳಿಯಿತು. ಬಲಗಡೆಗೆ ಉದ್ದದ್ದು. ನಡುವಿನ ದೊಡ್ಡ ಗೂಡಿಗೆ ಎಂಬತ್ತೈದು ಎಂಎಂ... ಮುಖಗಳನ್ನು ಹಿಡಿಯುವ ಲೆನ್ಸು, ಕೀರ್ತನಳಿಗೆ ಎಲ್ಲಕ್ಕಿಂತ ಅಚ್ಚುಮೆಚ್ಚಿನದು.

ದೇವನಹಳ್ಳಿಯ ಕಲ್ಯಾಣ ಮಂಟಪದ ಉಗ್ರಾಣದಲ್ಲಿ, ತೆಂಗಿನಕಾಯಿ ಮೂಟೆಗಳ ನಡುವೆ ನಿಂತು ಅವಳು ಮಡಿಲು ಕಟ್ಟಿಕೊಳ್ಳುತ್ತಿದ್ದಳು. ಸೊಂಟದ ಚೀಲಕ್ಕೆ ಆ ಹೆಸರು ಇಟ್ಟವಳೂ ಅವಳೇ. ಕುಂದಾಣದ ಹೊಲದಲ್ಲಿ ಅವಳ ತಾಯಿ ನರಸಮ್ಮ ಅವರೆಕಾಯಿ ಬಿಡಿಸುವಾಗ ಸೀರೆಯ ಮುಂಭಾಗವನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾಳೆ. ಎರಡೂ ಕೈಗೆ ಬಿಡುವು, ಕಾಯಿ ಹೊಟ್ಟೆಯ ಮುಂದೆ ಭದ್ರ. ಅದನ್ನು ನೋಡುತ್ತಲೇ ಬೆಳೆದ ಮಗಳು, ಅಮ್ಮನ ಹಳೆಯ ನೂಲಿನ ಸೀರೆಯನ್ನು ಮಡಿಸಿ, ಒಳಗೆ ತೆಳ್ಳಗಿನ ಸ್ಪಂಜು ಕೂರಿಸಿ, ಮೂರು ಗೂಡು ಹೊಲಿದು, ಚೂಡಿದಾರದ ಮೇಲೆ ಸೊಂಟಕ್ಕೆ ಬಿಗಿಯುವಂತೆ ಮಾಡಿಕೊಂಡಿದ್ದಳು.

ಬಲಗೈ ಕ್ಯಾಮೆರಾ ಬಿಡಬೇಕಾಗಿಲ್ಲ. ಎಡಗೈ ನೋಡದೆಯೇ ಹುಡುಕುತ್ತದೆ. ಬಗ್ಗಬೇಕಿಲ್ಲ, ಜಿಪ್ಪು ಎಳೆಯಬೇಕಿಲ್ಲ, "ಸ್ವಲ್ಪ ಹಿಡ್ಕೊಳ್ರೀ" ಎಂದು ಯಾರನ್ನೂ ಕೇಳಬೇಕಿಲ್ಲ!

ಗಂಟು ಬಿಗಿದು ಹೊರಗೆ ಬಂದವಳಿಗೆ ಎದುರಾದದ್ದು ಒಂದು ಬೆನ್ನು. ಬೆನ್ನೂ ಅಲ್ಲ, ಬೆನ್ನ ಮೇಲೆ ಕೂತ ಒಂದು ದೊಡ್ಡ ಕಪ್ಪು ಬ್ಯಾಗು. ಅದು ಸರಕ್ಕನೆ ತಿರುಗಿ ಅವಳ ಭುಜಕ್ಕೆ ಬಡಿಯಿತು.

"ಅಯ್ಯೋ! ಸಾರಿ ಮೇಡಂ, ಕಾಣಿಸ್ಲಿಲ್ಲ."

"ನಿಮಗೆ ನಾನು ಕಾಣಿಸ್ಲಿಲ್ಲ ಸರಿ. ಬೆಳಗ್ಗೆಯಿಂದ ನನ್ನ ಫೋಟೋದಲ್ಲಿ ಮದುಮಗಳಿಗಿಂತ ನಿಮ್ ಬ್ಯಾಗೇ ಚೆನ್ನಾಗಿ ಬಂದಿದೆ. ಗಂಡಿನ ಕಡೆಯವರಾ?"

"ಹೂಂ. ನವೀನ್‌ಕುಮಾರ್. ನೆಲಮಂಗಲ." ಅವನು ನಕ್ಕ. "ನೀವು ಹೆಣ್ಣಿನ ಕಡೆ ಅನ್ನೋದು ಜಗಳದಲ್ಲೇ ಗೊತ್ತಾಯ್ತು ಬಿಡಿ."

ಹೆಣ್ಣಿನ ಕಡೆಗೊಬ್ಬ ಫೋಟೋಗ್ರಾಫರ್, ಗಂಡಿನ ಕಡೆಗೊಬ್ಬ. ಎರಡು ಮನೆಯವರಿಗಿಂತ ಮೊದಲು ಇವರಿಬ್ಬರಿಗೇ ಬೀಗರ ಜಗಳ ಶುರುವಾಗುವುದು ಈ ಕಸುಬಿನಲ್ಲಿ ಹೊಸದೇನಲ್ಲ. ಆದರೂ ಅವನ ನಗುವಿನಲ್ಲಿ ವ್ಯಂಗ್ಯವಿರಲಿಲ್ಲವಲ್ಲ... ಅದು ಅವಳಿಗೆ ಕೊಂಚ ಕಿರಿಕಿರಿ ಮಾಡಿತು.

ಧಾರೆ ಮುಗಿದು ಮಧ್ಯಾಹ್ನ ಹೆಣ್ಣು ಒಪ್ಪಿಸುವ ಹೊತ್ತು ಬಂತು. ಮದುಮಗಳು ಸೆರಗೊಡ್ಡಿ ಕೂತಿದ್ದಳು. ಮುತ್ತೈದೆಯರು ಒಬ್ಬೊಬ್ಬರಾಗಿ ಬಂದು ಅಕ್ಕಿ, ಬೆಲ್ಲ, ಕೊಬ್ಬರಿ, ಅರಿಶಿನದ ಕೊಂಬು ಹಾಕಿ ಮಡಿಲು ತುಂಬುತ್ತಿದ್ದರು. ಹುಡುಗಿಯ ಮುಖವನ್ನು ಕೆಳಗಿನಿಂದ ಹಿಡಿಯಲು ಕೀರ್ತನ ಅವಳ ಪಕ್ಕದಲ್ಲೇ ಮಂಡಿಯೂರಿದ್ದಳು.

ಮದುಮಗಳ ಅಜ್ಜಿ ಅಮ್ಮಯಮ್ಮನ ಸರದಿ. ಕಣ್ಣಿಗೆ ಪೊರೆ ಬಂದ ಮುದುಕಿ. ಮಸುಕು ಮಸುಕಾಗಿ ಎರಡು ಹೆಣ್ಣು ಕಂಡವು, ಎರಡು ಮಡಿಲು ಕಂಡವು. ಹತ್ತಿರದ್ದು ಬಾಯಿ ತೆರೆದುಕೊಂಡಿತ್ತು. ಕೈತುಂಬ ಅಕ್ಕಿ ಎತ್ತಿ ಸುರಿದೇಬಿಟ್ಟಳು! ಅದರ ಮೇಲೊಂದು ಬೆಲ್ಲದಚ್ಚು.

"ಅಜ್ಜೀ! ಅದು ಫೋಟೋದೋಳು ಕಣಜ್ಜಿ!"

ಮಂಟಪವೆಲ್ಲ ನಗೆಯಲ್ಲಿ ಮುಳುಗಿತು. ಕೀರ್ತನ ಗಾಬರಿಯಿಂದ ನೋಡಿದಳು. ಎಂಬತ್ತೈದು ಅಕ್ಕಿಯೊಳಗೆ ಕುತ್ತಿಗೆವರೆಗೆ ಹೂತುಹೋಗಿತ್ತು. ಸದ್ಯ, ಹಿಂದೆ ಮುಂದೆ ಎರಡೂ ಮುಚ್ಚಳ ಹಾಕಿದ್ದಳು.

"ಫೋಟೋದೋಳಾದ್ರೆ ಹೆಣ್ಣಲ್ವಾ? ಮಡ್ಲು ಒಡ್ಕೊಂಡು ಕೂತಿದ್ಲು, ಹಾಕ್ದೆ," ಎಂದಳು ಅಮ್ಮಯಮ್ಮ ಒಂದಿಷ್ಟೂ ಅಳುಕದೆ.

ಕೀರ್ತನ ಅಕ್ಕಿಯೊಳಗೆ ಕೈ ಹಾಕಲು ಹೋದಳು.

"ಏಯ್, ಕೈ ತೆಗಿ! ಹಾಕಿದ್ ಮಡ್ಲಕ್ಕಿ ಕೆದಕ್ಬಾರ್ದು ಮಗಾ. ಮನೆಗೋಗಿ ದೇವ್ರ ಮುಂದೆ ಬಿಚ್ಚು."

"ಅಜ್ಜಿ, ಅದ್ರೊಳಗೆ ನನ್ನ ಲೆನ್ಸು..."

"ಇರ್ಲಿ ಬಿಡು. ಅಕ್ಕಿ ಜೊತೆ ಅದೂ ಮನೆಗೆ ಬತ್ತದೆ."

ಸುತ್ತ ಇದ್ದ ಹೆಂಗಸರೆಲ್ಲ ತಲೆಯಾಡಿಸಿದರು. ಈ ಮಾತಿಗೆ ಎದುರಾಡುವ ಧೈರ್ಯ ಯಾರಿಗಿದೆ? ಆದರೆ ಇನ್ನೇನು ತಾಯಿ ಮಗಳ ಕೈಯನ್ನು ಬೀಗರ ಕೈಗಿಡುತ್ತಾಳೆ. ಆ ಮುಖ... ಆ ಮುಖವನ್ನು ಬೇರೆ ಲೆನ್ಸಿನಲ್ಲಿ ಹೇಗೆ ಹಿಡಿಯುವುದು!

ಆಗ ಅವಳ ಭುಜದ ಮೇಲಿಂದ ಒಂದು ಕೈ ಚಾಚಿತು. ಕೈಯಲ್ಲಿ ಒಂದು ಎಂಬತ್ತೈದು.

"ಇದೂ ಅದೇ ಕಂಪನಿದು, ನಿಮ್ಮದಕ್ಕೆ ಕೂರುತ್ತೆ. ತಗೊಳಿ," ಎಂದ ನವೀನ್.

"ಮತ್ತೆ ನಿಮಗೆ?"

"ಅಳೋದು ನಿಮ್ ಕಡೆಯವರು. ನಮ್ ಕಡೆಯವರು ಹೋಳಿಗೆ ತಿಂತಾವ್ರೆ, ಅದಕ್ಕೆ ಯಾವ ಲೆನ್ಸಾದ್ರೂ ಸಾಕು. ಬೇಗ ಹಾಕಿ, ಆ ತಾಯಿ ಇನ್ನೊಂದ್ಸಲ ಹಿಂಗೆ ಅಳಲ್ಲ."

ಫೋಟೋ ಬಂತು. ಕೀರ್ತನ ತೆಗೆದ ಫೋಟೋಗಳಲ್ಲೇ ಒಳ್ಳೆಯದು ಎನ್ನುವಂಥದ್ದು. ಲೆನ್ಸು ಹಿಂದಿರುಗಿಸುವಾಗ "ಥ್ಯಾಂಕ್ಸ್" ಎನ್ನಲು ಹೋಗಿ, ಯಾಕೋ "ಬ್ಯಾಗ್ ಮಾತ್ರ ಬದಲಾಯಿಸಿ," ಎಂದುಬಿಟ್ಟಳು.

ಅಲ್ಲಿಂದ ಶುರುವಾಯಿತು.

ಒಮ್ಮೆ ಪಕ್ಕದ ವಿಜಯಪುರದ ಮದುವೆಯಲ್ಲಿ ಸಿಕ್ಕ. ಇನ್ನೊಮ್ಮೆ ಶಿವಗಂಗೆ ಬೆಟ್ಟದ ಮೆಟ್ಟಿಲಿನಲ್ಲಿ, ಏದುಸಿರು ಬಿಡುತ್ತಾ. ಮೇಲಕ್ಕೆ ಹತ್ತುವಾಗ ಬೆನ್ನ ಬ್ಯಾಗು ಹಿಂದಕ್ಕೆಳೆಯುತ್ತದೆ, ಜೇಬಿನ ಜಾಕೆಟ್ಟು ಬೇಯಿಸುತ್ತದೆ, ಪಕ್ಕಕ್ಕೆ ನೇತು ಹಾಕಿದ ಚೀಲ ತೊಡೆಗೆ ಬಡಿಯುತ್ತದೆ. ಎಲ್ಲವನ್ನೂ ಮಾಡಿ ಸೋತಿದ್ದವನು ಕೊನೆಗೆ ಕೇಳಿದ.

"ನನಗೂ ಒಂದು ಮಡಿಲು ಹೊಲಿದು ಕೊಡ್ತೀರಾ?"

"ಗಂಡಸರಿಗೆ ನಾನು ಹೊಲಿಯಲ್ಲ."

"ಹೋಗ್ಲಿ, ಹೊಲಿಯೋದು ಹೇಳ್ಕೊಡಿ."

ಫೋನಿನಲ್ಲಿ ಹೇಳಿಕೊಟ್ಟಳು. ಸ್ಪಂಜಿನ ಮಾತು ಊಟದ ಮಾತಾಯಿತು, ಊಟದ ಮಾತು ಮನೆಯ ಮಾತಾಯಿತು. ಮೂವತ್ತು ದಾಟಿದ ಮೇಲೆ ಹೀಗೆ ಫೋನು ಬರುವುದನ್ನೇ ಕಾಯುವುದೇ? ಎಂದು ಕನ್ನಡಿಯಲ್ಲಿ ತನ್ನನ್ನೇ ಗದರಿಕೊಂಡಳು. ಕನ್ನಡಿಯೊಳಗಿನವಳು ನಗುತ್ತಿದ್ದಳು.

ಒಂದು ಭಾನುವಾರ ಅವನ ತಾಯಿ ಭಾಗ್ಯಮ್ಮ ಹೂವು ಹಣ್ಣು ಹಿಡಿದು ಕುಂದಾಣದ ಮನೆಗೇ ಬಂದರು. ನರಸಮ್ಮನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕೀರ್ತನ ಕಾಫಿ ಕೊಟ್ಟು ಬಾಗಿಲ ಪಕ್ಕ ನಿಂತಳು. ಎದೆ ಹಗುರವಾಗಿ ಹಾರುತ್ತಿತ್ತು.

ಭಾಗ್ಯಮ್ಮ ಅವಳ ಕೆನ್ನೆ ಸವರಿ, ಬಾಯಿತುಂಬ ನಗುತ್ತಾ ಹೇಳಿದರು. "ನಮ್ಮುಡ್ಗ ಒಬ್ನೇ ಒದ್ದಾಡ್ತಾನೆ ಕಣಮ್ಮ. ನೀನು ಬಂದ್ಬಿಟ್ರೆ ಬ್ಯಾಗು, ಲೆನ್ಸು ಹಿಡ್ಕೊಳಕ್ಕೆ ಹೊರಗಿನೋರನ್ನ ಕಾಯೋದು ತಪ್ತದೆ. ದೇವನಳ್ಳೀಲಿ ಇನ್ನು ಫೋಟೋ ಅಂಗ್ಡಿ ಗಿಂಗ್ಡಿ ಯಾಕೆ, ಬಿಟ್ಕೊಟ್ಬಿಡಿ."

ಹಾರುತ್ತಿದ್ದುದು ಥಟ್ಟನೆ ನೆಲಕ್ಕೆ ಬಿತ್ತು.

ಹೊಸಕೋಟೆಯಲ್ಲಿ ಸೋದರಮಾವ ಕಾಂತರಾಜುವಿನ ಸ್ಟುಡಿಯೋದಲ್ಲಿ ಅವಳು ಕಸುಬು ಕಲಿತದ್ದು. ಕಲಿತದ್ದೆಂದರೆ ಮಾವನ ಹಿಂದೆ ಲೆನ್ಸಿನ ಚೀಲ ಹೊತ್ತು ನಿಂತದ್ದು. ವರ್ಷಗಟ್ಟಲೆ. ಮಾವ ಕೆಟ್ಟವನಲ್ಲ, ಆದರೆ ಬಂದವರಿಗೆಲ್ಲ "ಇವ್ಳು ನಮ್ ಬ್ಯಾಗು" ಎಂದು ಪರಿಚಯಿಸುತ್ತಿದ್ದ. ಎಲ್ಲರೂ ನಗುತ್ತಿದ್ದರು. ಅವಳೂ. ಒಂದು ದಿನ ಮಾತ್ರ ನಗು ಬರಲಿಲ್ಲ. ಅವತ್ತೇ ದೇವನಹಳ್ಳಿಗೆ ಬಂದು, ಒಂದು ಮಳಿಗೆ ಹಿಡಿದು, 'ಕೀರ್ತನ ಸ್ಟುಡಿಯೋ' ಎಂದು ಬೋರ್ಡು ಬರೆಸಿದಳು. ಇನ್ನು ಯಾರ ಲೆನ್ಸೂ ಹೊರುವುದಿಲ್ಲ, ಅದು ಗಂಡನದಾದರೂ ಸರಿ.

ಅವನೇ ಹೀಗೆ ಹೇಳಿ ಕಳಿಸಿದನಾ? ಆ ಲೆನ್ಸು ಕೊಟ್ಟದ್ದು, ಆ ಫೋನು, ಎಲ್ಲ ಇದಕ್ಕಾ...?

"ಯೋಚ್ನೆ ಮಾಡಿ ಹೇಳ್ತೀವಿ ಅಮ್ಮ," ಎಂದಳು. ಭಾಗ್ಯಮ್ಮ ಹೋದ ಮೇಲೆ ನವೀನನ ಫೋನು ಎತ್ತಲಿಲ್ಲ. ಮರುದಿನವೂ ಎತ್ತಲಿಲ್ಲ. ಆಮೇಲೆ ಅದು ಬಡಿದುಕೊಳ್ಳುವುದನ್ನು ನೋಡುತ್ತಾ ಕೂರುವುದೇ ಒಂದು ಕೆಲಸವಾಯಿತು.

ಆ ವಾರದ ಕೊನೆಗೆ ನಲ್ಲೂರಿನ ಹುಣಸೆ ತೋಪಿನಲ್ಲಿ ಶೂಟಿಂಗ್. ಮದುವೆಗೆ ಮುಂಚಿನ ಫೋಟೋಗಳು. ಹುಡುಗ ಹುಡುಗಿ ಇಬ್ಬರನ್ನೇ ಕಳಿಸಲು ಮನಸ್ಸಾಗದೆ, ಹುಡುಗಿಯ ಸೋದರತ್ತೆ ಲಕ್ಕಮ್ಮ ಇನ್ನಿಬ್ಬರು ಹೆಂಗಸರನ್ನು ಕಟ್ಟಿಕೊಂಡು ಬಂದಿದ್ದಳು. ಮುದಿ ಹುಣಸೆಗಳ ಬೊಡ್ಡೆಗೆ ಒರಗಿ, ಕಾಲು ಚಾಚಿ, ಕಡಲೆಕಾಯಿ ಸುಲಿಯುತ್ತಾ, "ಅಷ್ಟ್ ಅಂಟ್ಕೊಂಡು ನಿಲ್ಬೇಡ್ರೋ!" ಎಂದು ಅಲ್ಲಿಂದಲೇ ಕಾವಲು ಕಾಯುತ್ತಿದ್ದಳು.

ತೋಪಿನ ಆಚೆ ಬೈಕೊಂದು ನಿಂತಿತು. ಇಳಿದವನ ಬೆನ್ನ ಮೇಲೆ ಬ್ಯಾಗಿರಲಿಲ್ಲ. ಕುತ್ತಿಗೆಯಲ್ಲಿ ಕ್ಯಾಮೆರಾ ಇರಲಿಲ್ಲ. ಹೆಗಲ ಮೇಲೊಂದು ಟವೆಲ್ಲು ಮಾತ್ರ.

ಕೀರ್ತನ ಕ್ಯಾಮೆರಾ ಇಳಿಸಿದಳು.

"ಇಲ್ಲೀದೀನಿ ಅಂತ ಯಾರು ಹೇಳಿದ್ರು?"

"ನಿಮ್ಮಮ್ಮ. ನಾನೇನು ತಪ್ಪು ಮಾಡ್ದೆ ಅಂತ ಮಾತ್ರ ಅವರಿಗೂ ಗೊತ್ತಿಲ್ಲ. ನೀವೇ ಹೇಳ್ಬಿಡಿ, ಬೈಸ್ಕೊಂಡು ಹೋಗ್ತೀನಿ."

"ನಿಮಗೆ ಲೆನ್ಸ್ ಹಿಡಿಯೋಕೆ ಹೆಂಡ್ತಿ ಬೇಕಾಗಿತ್ತಂತೆ. ಹೊರಗಿನೋರಾದ್ರೆ ಸರಿಹೋಗಲ್ವಂತೆ."

ಅವನು ನಗಲು ಹೋದ. ಅವಳ ಕಣ್ಣು ನೋಡಿ ನಿಲ್ಲಿಸಿದ.

"ಅಮ್ಮ ಹಂಗಂದ್ರಾ?"

"ನನ್ನ ಅಂಗಡಿ ಬಿಟ್ಕೊಡ್ಬೇಕಂತೆ. ನವೀನ್, ನನ್ನನ್ನ ಎಷ್ಟೋ ವರ್ಷ 'ಬ್ಯಾಗು' ಅಂತ ಕರೆದವ್ರೆ. ಹೆಸರಲ್ಲ, ಬ್ಯಾಗು. ಮತ್ತೆ ಅದಾಗಕ್ಕೆ ನನ್ನ ಕೈಯಲ್ಲಿ ಆಗಲ್ಲ."

ಅವನು ಒಂದು ಹೆಜ್ಜೆ ಹತ್ತಿರ ಬಂದ.

"ಅಮ್ಮ ತಾನು ಬದುಕಿದ್ದನ್ನೇ ಹೇಳಿದಾಳೆ," ಎಂದ ಮೆಲ್ಲಗೆ. "ನಮ್ಮಪ್ಪನ ಸೈಕಲ್ ಅಂಗಡೀಲಿ ಜೀವಮಾನವೆಲ್ಲ ಪಾನಾ ಎತ್ತಿ ಎತ್ತಿ ಕೊಟ್ಟೋಳು. ಸಂಸಾರ ಅಂದ್ರೆ ಅದೇ ಅಂದ್ಕೊಂಡವ್ಳೆ. ನಾನು ಅವಳಿಗೆ ಹೇಳಿದ್ದು, ಆ ಹುಡ್ಗಿ ಜೊತೆ ಇದ್ರೆ ಕೆಲಸ ಚೆನ್ನಾಗಿ ಮಾಡ್ತೀನಿ ಅಂತ. ಅವಳಿಗೆ ಅರ್ಥ ಆಗಿದ್ದು ಅಷ್ಟು. ಬಿಡಿಸಿ ಹೇಳ್ದೇ ಇದ್ದಿದ್ದು ನನ್ ತಪ್ಪು."

"ಈಗ ಹೇಳೋದು ಸುಲಭ."

"ನಿಜ." ಅವನು ಹೆಗಲ ಟವೆಲ್ಲು ತೆಗೆದು ಸೊಂಟಕ್ಕೆ ಸುತ್ತಿದ. ಮುಂದಿನ ತುದಿ ಎತ್ತಿ ಸಿಕ್ಕಿಸಿದ. ಎರಡು ಕೈಯಲ್ಲೂ ಅದನ್ನು ಅಗಲಿಸಿ ಅವಳ ಮುಂದೆ ನಿಂತ. "ಕೊಡಿ. ಇವತ್ತು ನಿಮ್ ಲೆನ್ಸ್ ನಾನು ಹೊರ್ತೀನಿ."

ಕಡಲೆಕಾಯಿ ಸುಲಿಯುವ ಸದ್ದು ನಿಂತುಹೋಯಿತು.

"ನೋಡ್ರೇ, ನೋಡ್ರೇ! ಗಂಡ್ಸು ಮಡ್ಲೊಡ್ಡವ್ನೆ!" ಲಕ್ಕಮ್ಮ ತೊಡೆ ತಟ್ಟಿ ನಕ್ಕಳು. "ಏನಪ್ಪಾ, ಎಷ್ಟು ತಿಂಗ್ಳು ನಿಂಗೆ?"

ಅವನ ಕಿವಿ ಕೆಂಪಾಯಿತು. ಆದರೂ ಕೈ ಇಳಿಸಲಿಲ್ಲ. "ಈಗ್ತಾನೆ ಕಣತ್ತೆ. ಹರಸು," ಎಂದ.

ಹೆಂಗಸರು ಬಿದ್ದು ಬಿದ್ದು ನಕ್ಕರು. ಕೀರ್ತನ ತುಟಿ ಕಚ್ಚಿಕೊಂಡಳು. ಆ ಟವೆಲ್ಲಿಗೆ ಉದ್ದದ ಲೆನ್ಸು ಇಟ್ಟಳು. ಗಂಟು ಜಾರಿತು!

"ಅಯ್ಯಯ್ಯೋ!"

ಅವನು ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಲೆನ್ಸು ಉಳಿಸಿದ. ಲಕ್ಕಮ್ಮ ಎದ್ದು ಬಂದು, "ಹಿಂಗಾ ಕಟ್ಟೋದು, ದಡ್ಡ ಮುಂಡೇದೇ," ಎನ್ನುತ್ತಾ ತುದಿಯನ್ನು ಒಳಕ್ಕೆ ಹೊರಳಿಸಿ ಬಿಗಿದಳು.

ಸಂಜೆಯ ಬಿಸಿಲು ಇಳಿಯುವವರೆಗೆ ಅವನು ಅವಳ ಎಡಗಡೆ ನಡೆದ. ಫೋಟೋ ಹೀಗೆ ತೆಗೆಯಿರಿ, ಹಾಗೆ ತೆಗೆಯಿರಿ ಎಂದು ಒಂದು ಮಾತೂ ಆಡಲಿಲ್ಲ. ಹತ್ತಾರು ಮದುವೆ ತೆಗೆದವನು! ಅಷ್ಟು ಸುಮ್ಮನಿರುವುದು ಈ ಕಸುಬಿನವರಿಗೆ ಎಷ್ಟು ಕಷ್ಟವೆಂದು ಅವಳಿಗೆ ಗೊತ್ತಿತ್ತು.

"ಕೇಳೋಕೆ ಮುಂಚೆನೇ ಉದ್ದದ್ದು ಕೊಟ್ಟೆ ಅಲ್ವಾ?" ಎಂದು ಒಮ್ಮೆ ಹೆಮ್ಮೆಯಿಂದ ಕೇಳಿದ.

"ಅಗಲದ್ದು ಬೇಕಿತ್ತು."

"ಓ..."

ಶೂಟಿಂಗ್ ಮುಗಿಯಿತು. ಲಕ್ಕಮ್ಮ ಎಲ್ಲರನ್ನೂ ಕಾರಿಗೆ ಹತ್ತಿಸಿ, ಹೋಗುವಾಗ ಕೀರ್ತನಳ ಕೈಗೆ ಕಡಲೆಕಾಯಿ ತುರುಕಿ, "ಒಳ್ಳೇವ್ನು ಕಣೇ," ಎಂದು ಪಿಸುಗುಟ್ಟಿ ಹೋದಳು. ಇಬ್ಬರೂ ಒಂದು ಬೇರಿನ ಮೇಲೆ ಕೂತರು.

"ನಿಮ್ ಬೋರ್ಡು ಇಳಿಸ್ಬೇಡಿ ಕೀರ್ತನ. ಮದ್ವೆ ಆದ್ರೂ, ಆಗ್ದಿದ್ರೂ." ಅವನು ಅವಳ ಮುಖ ನೋಡಲಿಲ್ಲ, ಟವೆಲ್ಲಿನ ಗಂಟು ಬಿಚ್ಚುತ್ತಿದ್ದ. "ಅಮ್ಮಂಗೆ ಇವತ್ತೇ ಹೇಳ್ತೀನಿ. ನೆಲಮಂಗಲದಲ್ಲಿ ನನ್ನ ಅಂಗಡಿ, ದೇವನಹಳ್ಳೀಲಿ ನಿಮ್ಮದು. ಮನೆ ನಡುವೆ ಎಲ್ಲಾದ್ರೂ ಮಾಡೋಣ, ದೊಡ್ಡಬಳ್ಳಾಪುರದಲ್ಲಿ. ಹೆಣ್ಣಿನ ಕಡೆ ನೀವು, ಗಂಡಿನ ಕಡೆ ನಾನು. ಸ್ಟೇಜ್ ಮೇಲೆ ಜಗಳ ಆಡೋಣ, ಮನೆಗೆ ಬಂದು ಒಟ್ಟಿಗೆ ಉಣ್ಣೋಣ."

"ಜಗಳದಲ್ಲಿ ನಾನೇ ಗೆಲ್ಲೋದು."

"ಅದು ಮೊದಲ ದಿನವೇ ಗೊತ್ತಾಗಿದೆ." ಈಗ ಅವಳತ್ತ ತಿರುಗಿದ. "ನೀವಂದ್ರೆ ನನಗಿಷ್ಟ. ತುಂಬಾ. ಆ ತಾಯಿ ಅಳೋವಾಗ ಫೋಟೋ ತೆಗೀತಾ ನೀವೂ ಅಳ್ತಾ ಇದ್ರಿ. ಯಾರೂ ನೋಡ್ಲಿಲ್ಲ. ನಾನು ನೋಡ್ದೆ."

ಅವಳು ಕೈಯಲ್ಲಿದ್ದ ಕಡಲೆಕಾಯಿಯಲ್ಲಿ ಅರ್ಧ ಅವನ ಅಂಗೈಗೆ ಸುರಿದಳು. ಬೆರಳು ಅಲ್ಲೇ ಒಂದು ಗಳಿಗೆ ನಿಂತವು. ಅವನು ಮೆಲ್ಲಗೆ ಮುಚ್ಚಿ ಹಿಡಿದ.

"ಇದು ಹೂಂ ಅಂತಾನಾ?"

"ಆಷಾಢ ಕಳೀಲಿ. ಹೇಳ್ತೀನಿ."

"ಕಾಯ್ತೀನಿ." ಅವನ ಮುಖವೆಲ್ಲ ನಗುವಾಗಿತ್ತು. "ಒಂದೇ ಚಿಂತೆ. ಇಬ್ರೂ ಮಂಟಪದಲ್ಲಿ ಕೂತ್ರೆ, ನಮ್ ಫೋಟೋ ಯಾರು ತೆಗೀತಾರೆ?"

"ಯಾರೋ ತೆಗೀತಾರೆ ಬಿಡಿ," ಎಂದಳು ಕೀರ್ತನ, ಏನೂ ಗೊತ್ತಿಲ್ಲದವಳಂತೆ.

ಆದರೆ ಅವಳು ಆಗಲೇ ತೀರ್ಮಾನ ಮಾಡಿಯಾಗಿತ್ತು. ಧಾರೆಗೆ ಮುಂಚೆ ಗಂಡು ಹೆಣ್ಣಿನ ನಡುವೆ ತೆರೆ ಹಿಡಿಯುತ್ತಾರೆ. ತೆರೆ ಸರಿದ ಕ್ಷಣದಲ್ಲಿ ಗಂಡಿನ ಮುಖ ಹೇಗಿರುತ್ತದೆಂದು ಇಷ್ಟು ಮದುವೆಗಳಲ್ಲಿ ಅವಳು ಪಕ್ಕದಿಂದ ಮಾತ್ರ ಕಂಡಿದ್ದಳು, ಅರ್ಧ ಮುಖ. ಅದು ನೇರವಾಗಿ ಕಾಣುವ ಜಾಗ ಒಂದೇ ಒಂದು. ಆ ಜಾಗದಲ್ಲಿ ನಿಲ್ಲುವ ಮದುಮಗಳ ಕೈಯಲ್ಲಿ ಜೀರಿಗೆ ಬೆಲ್ಲ ಇರುತ್ತದೆ, ಕ್ಯಾಮೆರಾ ಇರುವುದಿಲ್ಲ.

ತನ್ನ ಕೈಯಲ್ಲಿ ಕ್ಯಾಮೆರಾ ಇರುತ್ತದೆ. ಅಜ್ಜಿಯರು ಬೈದುಕೊಳ್ಳಲಿ. ಒಂದೇ ಲೆನ್ಸು ಸಾಕು, ಎಂಬತ್ತೈದು. ಬೇರೆ ಯಾವುದನ್ನೂ ಹೊರಬೇಕಿಲ್ಲ.

ಅವನಿಗೆ ಹೇಳಲಿಲ್ಲ. ಅಮ್ಮನಿಗೂ ಹೇಳುವುದಿಲ್ಲ. ಕಡಲೆಕಾಯಿ ಸಿಪ್ಪೆ ಕೊಡವಿಕೊಂಡು ಎದ್ದಳು.

"ನಡೀರಿ, ಬೆಳಕು ಹೋಯ್ತು," ಎಂದಳು.