ಟ್ರೈಲರಿನ ಬಾಗಿಲಲ್ಲಿ ಬಿಟ್ಟ ಚಪ್ಪಲಿ

ಮೇ ಹದಿನಾಲ್ಕು, ಬುಧವಾರ. ಬೆಳಗ್ಗೆ ಎಂಟೂ ಇಪ್ಪತ್ತಕ್ಕೆ ಲೇಪಾಕ್ಷಿ ಠಾಣೆಗೆ ದೂರು ಬಂತು. ದೂರು ತಂದವಳು ಅಮೃತಾ, ವಯಸ್ಸು ಮೂವತ್ತೊಂದು. ಊರಾಚೆ ಬಂಡೆಗಳ ಬುಡದಲ್ಲಿ ಒಂದು ಕ್ಯಾಂಪಿಂಗ್ ಟ್ರೈಲರ್ ನಿಲ್ಲಿಸಿ, ಬರುವವರಿಗೆ ಒಂದೆರಡು ದಿನ ಉಳಿಯಲು ಕೊಡುತ್ತಿದ್ದಳು. ಅಲ್ಲಿಗೆ ಕರೆಂಟಿನ ಲೈನ್ ಇಲ್ಲ. ದೀಪ, ಫ್ಯಾನು, ಫ್ರಿಜ್ಜು ಎಲ್ಲಾ ಸೋಲಾರಿನಿಂದಲೇ ನಡೆಯಬೇಕು. ಹಿಂದಿನ ಸಂಜೆ ಆ ಸೋಲಾರನ್ನೇ ಯಾರೋ ಬಿಚ್ಚಿಕೊಂಡು ಹೋಗಿದ್ದರು. ನಾಲ್ಕು ಪ್ಯಾನೆಲ್, ಎರಡು ಲಿಥಿಯಂ ಬ್ಯಾಟರಿ, ಒಂದು ಇನ್ವರ್ಟರ್.

ಸಬ್ ಇನ್ಸ್‌ಪೆಕ್ಟರ್ ಪ್ರಮೀಳಾ ಹಿಂದೂಪುರದ ನೇಕಾರರ ಮನೆಯ ಮಗಳು. ಮಾತು ಕಮ್ಮಿ, ಸಿಡುಕು ಜಾಸ್ತಿ. ಎಫ್‌ಐಆರ್ ಬರೆಯುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ಯರ್ರಿಸ್ವಾಮಿ ಪೆನ್ನು ನಿಲ್ಲಿಸಿ, "ಮೇಡಂ, ಇದು ಮನೆ ಕಳ್ಳತನವೋ, ಗಾಡಿ ಕಳ್ಳತನವೋ? ಚಕ್ರ ಐತೆ, ಒಳಗೆ ಮಂಚಾನೂ ಐತೆ" ಎಂದ.

"ಜನ ಮಲಗ್ತಾರಲ್ಲ, ಮನೆ ಅಂತ ಬರಿ."

"ಇನ್ನೊಂದಿದೆ ಮೇಡಂ, ಹೇಳೋಕೇ ನಾಚಿಕೆ" ಎಂದಳು ಅಮೃತಾ. "ಒಬ್ಬ ಗೆಸ್ಟಿನ ಚಪ್ಪಲೀನೂ ಹೋಗಿದೆ."

ಯರ್ರಿಸ್ವಾಮಿಗೆ ನಗು ತಡೆಯಲಾಗಲಿಲ್ಲ. ಅವನ ನಗು ನಿಲ್ಲುವ ಹೊತ್ತಿಗೆ ಪ್ರಮೀಳಾ ಜೀಪು ಹತ್ತಿ ಕುಳಿತಾಗಿತ್ತು.

ಒಂಬತ್ತೂವರೆಗೆ ಸ್ಥಳ ಪಂಚನಾಮೆ ಶುರುವಾಯಿತು. ಗೆಸ್ಟುಗಳು ನಾಲ್ವರು. ಹಿಂದಿನ ಸಂಜೆ ಆರಕ್ಕೆ ಚಪ್ಪಲಿ ಬಿಟ್ಟು ಶೂ ಹಾಕಿಕೊಂಡು, ಸೂರ್ಯ ಮುಳುಗುವುದನ್ನು ನೋಡಲು ಬಂಡೆ ಹತ್ತಿದ್ದರು. ಅಮೃತಾ ತರಕಾರಿ ತರಲು ಊರಿಗೆ ಹೋಗಿದ್ದಳು. ಏಳಕ್ಕೆ ಬಂದು ನೋಡಿದರೆ ಎಲ್ಲ ಖಾಲಿ. ನೆಲದಲ್ಲಿ ಲಗೇಜ್ ಆಟೋದ ಚಕ್ರದ ಗುರುತು ಮಾತ್ರ ಉಳಿದಿತ್ತು.

ಪ್ರಮೀಳಾ ಒಳಗೆ ಹೋಗಿ ವೈರುಗಳನ್ನು ನೋಡಿದಳು. ಒಂದು ವೈರನ್ನೂ ಕತ್ತರಿಸಿರಲಿಲ್ಲ. ಸ್ಕ್ರೂ ಬಿಚ್ಚಿ, ಒಂದೊಂದು ತುದಿಗೂ ಟೇಪು ಸುತ್ತಿ, ಯಾರ ಕೈಗೂ ತಗುಲದಂತೆ ಮಡಚಿಟ್ಟಿದ್ದರು. ಕರೆಂಟು ಹೋದರೆ ಫ್ರಿಜ್ಜಿನ ಹಾಲು ಕೆಡುತ್ತದೆಂದು ಪ್ಯಾಕೆಟ್ಟುಗಳನ್ನು ತೆಗೆದು, ಒದ್ದೆ ಬಟ್ಟೆ ಸುತ್ತಿ, ನೀರಿನ ಬಕೆಟ್ಟಿನಲ್ಲಿ ಇಟ್ಟಿದ್ದರು. ಧೂಳಿನ ನೆಲದ ಮೇಲೆ ಬರಿಗಾಲಿನ ಹೆಜ್ಜೆಗಳಿದ್ದವು.

"ಇಷ್ಟು ಒಳ್ಳೇ ಕಳ್ಳನ್ನ ನಾನು ನೋಡಿಲ್ಲ ಬಿಡಿ" ಎಂದ ಯರ್ರಿಸ್ವಾಮಿ.

ಪ್ರಮೀಳಾ ಬಾಗಿಲಿಗೆ ಬಂದು ಬಗ್ಗಿ ನೋಡಿದಳು. "ನಾಲ್ಕು ಜನ ನಾಲ್ಕು ಜೊತೆ ಚಪ್ಪಲಿ ಬಿಟ್ರು. ಒಂದು ಜೊತೆ ಹೋಯ್ತು. ಈಗಿಲ್ಲಿ ಎಷ್ಟಿದೆ?"

ಯರ್ರಿಸ್ವಾಮಿ ಎಣಿಸಿದ. ನಾಲ್ಕು ಜೊತೆಯೇ ಇದ್ದವು.

ಕಳ್ಳ ಒಳಗೆ ಕಾಲಿಡುವ ಮುಂಚೆ ಚಪ್ಪಲಿ ಬಿಟ್ಟಿದ್ದಾನೆ. ಹೋಗುವ ಗಡಿಬಿಡಿಯಲ್ಲಿ, ದೇವಸ್ಥಾನದ ಮುಂದೆ ಆಗುವಂತೆ, ಬೇರೆಯವರದ್ದನ್ನು ಮೆಟ್ಟಿಕೊಂಡು ಹೋಗಿದ್ದಾನೆ. ಉಳಿದ ಜೊತೆ ಸವೆದು ಕಂದಿತ್ತು. ಕಿತ್ತುಹೋದ ಎಡಗಾಲಿನ ಪಟ್ಟಿಯನ್ನು ಮನೆಯಲ್ಲೇ ಹೊಲಿದಿದ್ದರು. ಹೊಲಿದ ದಾರ ಹಸಿರು, ನಾಲ್ಕೆಳೆ ಸೇರಿಸಿ ಹೊಸೆದದ್ದು. ಪ್ರಮೀಳಾ ಅದನ್ನು ಉಗುರಿನಿಂದ ಎತ್ತಿ ನೋಡಿದಳು. ರೇಷ್ಮೆ. ಸೀರೆ ಮುಗಿದ ಮೇಲೆ ಮಗ್ಗದಲ್ಲಿ ಉಳಿಯುವ ಎಳೆಯನ್ನು ಅವಳ ಅಮ್ಮನೂ ಹೀಗೇ ಹೊಸೆದು ಡಬ್ಬಿಯಲ್ಲಿ ಇಡುತ್ತಿದ್ದಳು.

"ನೇಕಾರರ ಮನೆಯವನು, ಸೋಲಾರ್ ಕೆಲಸ ಬಲ್ಲವನು, ಈ ಟ್ರೈಲರಿನ ಒಳಹೊರಗು ತಿಳಿದವನು. ಇದನ್ನ ಕೂರಿಸಿದ್ದು ಯಾರಮ್ಮ?"

ಅಮೃತಾ ಹಿಂದೂಪುರದ ಒಂದು ಅಂಗಡಿಯ ಹೆಸರು ಹೇಳಿದಳು.

ಮಧ್ಯಾಹ್ನ ಹನ್ನೆರಡೂ ಕಾಲಿಗೆ ಅಂಗಡಿಯ ಮಾಲೀಕ ರಾಮಲಿಂಗಯ್ಯನ ಮುಂದೆ ಪ್ರಮೀಳಾ ಚಪ್ಪಲಿ ಇಟ್ಟಳು. ಆತ ಕನ್ನಡಕ ಸರಿಮಾಡಿಕೊಂಡು ನೋಡಿದ. ಮುಖ ಬಾಡಿತು.

"ಯಾರದು?"

"ಆನಂದಕುಮಾರ್‌ದು ಮೇಡಂ. ಏನಾತು ಅವನಿಗೆ?"

"ಗುರುತು ಹೆಂಗೆ ಹಿಡಿದ್ರಿ?"

"ನಮ್ಮಂಗಡಿ ಬಾಗಿಲಾಗೆ ಐದು ವರ್ಷ ಬಿಟ್ಟಿರೋ ಚಪ್ಪಲಿ ಅದು. ಮಗ್ಗದ ಕ್ವಾಣೆಗೆ ಯಾರೂ ಮೆಟ್ಕಂಡು ಹೋಗಲ್ವಲ್ಲ, ಇವನಿಗೆ ಬ್ಯಾಟರಿ ಇರೋ ಜಾಗಾನೂ ಅಷ್ಟೇ. ಲೇ, ಕರೆಂಟಿನ ಕೆಲಸ ಕಣ್ಲಾ, ಬೂಟು ಹಾಕ್ಕಳ್ಲಾ ಅಂದ್ರೆ ಕೇಳ್ತಿರಲಿಲ್ಲ."

"ಈಗೆಲ್ಲಿದಾನೆ?"

"ಮೂರು ತಿಂಗಳಾತು ಕೆಲಸ ಬಿಟ್ಟು. ಹೆಂಡ್ತಿಗೆ ಹುಷಾರಿಲ್ಲ. ಅವಳ ತವರು ಕಲ್ಯಾಣದುರ್ಗದ ಹತ್ರ, ಅಲ್ಲಿಗೆ ಹೋದ. ಕಳ್ಳನಲ್ಲ ಮೇಡಂ ಅವನು."

"ಕಳ್ಳನೋ ಅಲ್ವೋ ನಾನು ನೋಡ್ಕೋತೀನಿ" ಎಂದಳು ಪ್ರಮೀಳಾ. ಹೇಳುವಾಗ ಬಕೆಟ್ಟಿನಲ್ಲಿದ್ದ ಹಾಲು ಅವಳ ಕಣ್ಣಮುಂದೆ ಬಂತು.

ಮರುದಿನ, ಹದಿನೈದನೇ ತಾರೀಕು ಬೆಳಗ್ಗೆ ಎಂಟಕ್ಕೆ ಜೀಪು ಹೊರಟಿತು. ವಸ್ತು ಗುರುತಿಸಲು ಅಮೃತಾ ಜೊತೆಗಿದ್ದಳು. ಬ್ಯಾಟರಿಯ ಸ್ಥಿತಿ ಅವಳ ಫೋನಿನಲ್ಲೇ ಕಾಣುತ್ತಿತ್ತು, ಆದರೆ ಹತ್ತು ಹದಿನೈದು ಹೆಜ್ಜೆ ಹತ್ತಿರ ಹೋದರೆ ಮಾತ್ರ. ಸೋಮಂದೇಪಲ್ಲಿ ದಾಟಿ, ಪೆನುಕೊಂಡ ದಾಟಿ, ಹನ್ನೊಂದಕ್ಕೆ ಕಲ್ಯಾಣದುರ್ಗ ಠಾಣೆಯಲ್ಲಿ ವಿಷಯ ತಿಳಿಸಿ, ಅಲ್ಲಿಂದ ಹನ್ನೆರಡು ಕಿಲೋಮೀಟರು ಆಚೆಯ ಹಳ್ಳಿಗೆ ಹೋದರು. ಬೆಳಗಿನಿಂದ ಮೋಡ ಕವಿದಿತ್ತು. ಊರ ಮುಂದೆ ಕಂಬಗಳು ಸಾಲಾಗಿ ಉರುಳಿ ಬಿದ್ದಿದ್ದವು. ಏಳು ದಿನದ ಹಿಂದೆ ಎದ್ದ ಬಿರುಗಾಳಿ ಊರಿನ ಕರೆಂಟನ್ನೇ ಕಿತ್ತುಕೊಂಡು ಹೋಗಿತ್ತು.

ಕೊನೆಯ ಬೀದಿಯಲ್ಲಿ ಅಮೃತಾಳ ಫೋನು ಗುರುಗುಟ್ಟಿತು. "ಮೇಡಂ, ಇಲ್ಲೇ ಇದೆ."

ಪ್ರಮೀಳಾ ಫೋನು ಇಸಿದುಕೊಂಡಳು. ಬ್ಯಾಟರಿ ಹನ್ನೊಂದು ಪರ್ಸೆಂಟ್. ಖರ್ಚು ಮುನ್ನೂರ ಇಪ್ಪತ್ತು ವ್ಯಾಟು. ಹಿಂದಿನ ಲೆಕ್ಕವೂ ಅದರಲ್ಲಿತ್ತು. ಮೊನ್ನೆ ರಾತ್ರಿಯಿಂದ ಈ ಕ್ಷಣದವರೆಗೆ ಅದೇ ಮುನ್ನೂರ ಇಪ್ಪತ್ತು. ಒಂದು ಗಳಿಗೆಯೂ ನಿಂತಿರಲಿಲ್ಲ.

"ಇದೇನ್ ಓಡಿಸ್ತಾ ಇದಾನೆ ಹಗಲೂ ರಾತ್ರಿ?"

"ಗೊತ್ತಿಲ್ಲ ಮೇಡಂ. ನಮ್ಮ ಫ್ರಿಜ್ಜೂ ಇಷ್ಟು ತಿನ್ನಲ್ಲ."

ಎದುರಿನ ಮನೆಯ ತಾರಸಿ ಮೇಲೆ ನಾಲ್ಕು ಪ್ಯಾನೆಲ್ಲುಗಳಿದ್ದವು. ನಲವತ್ತರ ಆಸುಪಾಸಿನ ಒಬ್ಬ ಬಡಕಲು ಮನುಷ್ಯ ಟವೆಲ್ಲಿನಿಂದ ಅವುಗಳ ಧೂಳು ಒರೆಸುತ್ತಿದ್ದ. ಖಾಕಿ ಕಂಡಿತು. ಓಡಲಿಲ್ಲ. ಒಂದು ಪ್ಯಾನೆಲ್ಲಿನ ಅಂಚು ಹಿಡಿದು ಆಕಾಶ ನೋಡಿದ.

"ಆನಂದಕುಮಾರ್ ನೀನೇನಾ? ಕೆಳಗಿಳಿ."

"ಬತ್ತೀನಿ ಮೇಡಂ. ಒಂದ್ನಿಮಿಷ. ಅಲ್ಲಿ ಮೋಡ ಸರೀತೈತೆ."

ಯರ್ರಿಸ್ವಾಮಿ ಮೆಟ್ಟಿಲು ಹತ್ತಿದ. ಪ್ರಮೀಳಾ ಮನೆಯೊಳಗೆ ಹೋದಳು. ಹೊಸ್ತಿಲ ಬಳಿ ಗೆಸ್ಟಿನ ಚಪ್ಪಲಿ ನೀಟಾಗಿ ಜೋಡಿಸಿಟ್ಟಿತ್ತು. ಒಳಗೆ ಯಂತ್ರವೊಂದು ಗುಂಯ್ ಎನ್ನುತ್ತಿತ್ತು. ಮಂಚದ ಮೇಲೆ ದಿಂಬಿಗೊರಗಿ ಕೂತ ಹೆಂಗಸಿನ ಮೂಗಿಗೆ ಕೊಳವೆ ಹಾಕಿತ್ತು. ಆನಂದಕುಮಾರನ ಹೆಂಡತಿ ಆದಿಲಕ್ಷ್ಮಿ. ಗಾಳಿಯಿಂದ ಆಮ್ಲಜನಕ ಸೋಸಿ ಕೊಡುವ ಯಂತ್ರ ಅವಳ ಪಕ್ಕದಲ್ಲಿತ್ತು. ಅದರಾಚೆ ಇನ್ವರ್ಟರು, ಎರಡು ಬ್ಯಾಟರಿ.  ಬೂಟು ಹಾಕಿಕೊಂಡೇ ಒಳಗೆ ಬಂದಿದ್ದೇನೆ ಎಂದು ಆಗ ಅರಿವಾಗಿ, ಪ್ರಮೀಳಾ ಹಿಂದೆ ಸರಿದಳು.

ಕೆಳಗಿಳಿದು ಬಂದ ಆನಂದಕುಮಾರನನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳಿದಳು. "ಎಷ್ಟು ದಿನದಿಂದ?"

"ಟಿ.ಬಿ. ಬಂದು ವಾಸಿ ಆತು. ಶ್ವಾಸಕೋಶ ಉಳೀಲಿಲ್ಲ. ಮೂರು ತಿಂಗಳಿಂದ ಮಿಷನ್ನೇ."

"ನಿಂತ್ರೆ?"

"ಹತ್ತು ನಿಮಿಷಕ್ಕೆ ತುಟಿ ನೀಲಿ ಆಗ್ತೈತೆ. ಒಂದ್ಸಲ ನೋಡ್ಬುಟ್ಟಿದೀನಿ. ಕರೆಂಟ್ ಹೋದ ಮ್ಯಾಲೆ ಸಿಲಿಂಡರು ತಂದೆ, ಹಳೇ ಬ್ಯಾಟರಿ ತಂದೆ. ಐದನೇ ದಿನಕ್ಕೆ ಒಂದೇ ಸಿಲಿಂಡರು ಉಳೀತು. ಅದನ್ನ ಹಾಕಿ, ಇವಳನ್ನ ಪಕ್ಕದ ಮನೆಯೋರಿಗೆ ಒಪ್ಪಿಸಿ, ಲಗೇಜ್ ಆಟೋ ಹಿಡ್ಕಂಡು ಲೇಪಾಕ್ಷಿಗೆ ಹೋದೆ."

"108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಸೇರಿಸಬಹುದಿತ್ತಲ್ಲ."

"ಅವಳು ಒಪ್ಪಲಿಲ್ಲ. ಹೋದ್ಸಲ ಪಕ್ಕದ ಮಂಚದೋರು ಮೂರು ಜನ ಅವಳ ಕಣ್ಣೆದುರಿಗೇ ಹೋದ್ರು." ಅವನು ಫೋನಿನ ಕಡೆ ಕೈ ತೋರಿಸಿದ. "ಮೇಡಂ, ಎಷ್ಟೈತೆ?"

"ಹತ್ತು."

"ಐದಕ್ಕೆ ಬಂದ್ರೆ ತಾನೇ ಆಫ್ ಆಗ್ತೈತೆ. ನಾನೇ ಹಂಗೆ ಸೆಟ್ ಮಾಡಿದ್ದು."

ಪ್ರಮೀಳಾ ತಾನೇ 108ಕ್ಕೆ ಕರೆ ಮಾಡಿದಳು. ಹನ್ನೊಂದೂ ಐವತ್ತೆರಡು. ಗಾಡಿ ಬೇರೆ ಕೇಸಿಗೆ ಹೋಗಿದೆ, ಬರಲು ಒಂದು ಗಂಟೆಯ ಮೇಲಾಗುತ್ತದೆ ಎಂದರು. ಉಳಿದ ಐದು ಪರ್ಸೆಂಟ್ ಮುಕ್ಕಾಲು ಗಂಟೆಗೆ ಮುಗಿಯುತ್ತಿತ್ತು. ಲೆಕ್ಕ ಎಲ್ಲರಿಗೂ ಗೊತ್ತಾಯಿತು. ಆದಿಲಕ್ಷ್ಮಿಗೂ ಗೊತ್ತಾಯಿತು. ಅವಳು ಉಸಿರನ್ನು ಉಳಿಸಿ ಉಳಿಸಿ ಮಾತಾಡಿದಳು. "ಹೋಯ್ತೀನಿ... ಆಸ್ಪತ್ರೆಗೆ. ಅವನ್ನ... ಹೊಡೀಬ್ಯಾಡಿ."

"ಯಾರೂ ಹೊಡೆಯಲ್ಲ ಕಣಮ್ಮ" ಎಂದಳು ಪ್ರಮೀಳಾ.

ಆನಂದಕುಮಾರ್ ಆಗಲೇ ಮೆಟ್ಟಿಲ ಮೇಲಿದ್ದ. ಹಿಂದೆ ಪ್ರಮೀಳಾ, ಯರ್ರಿಸ್ವಾಮಿ, ಕೊನೆಗೆ ಅಮೃತಾ. ನೆತ್ತಿಯ ಮೇಲೆ ಮೋಡ ಅಂಗೈಯಷ್ಟು ಹರಿದಿತ್ತು. "ಎಲ್ರೂ ಒಂದೊಂದು ಹಿಡ್ಕಳ್ಳಿ. ಬೆಳಕು ಎತ್ತಲಾಗೆ ಹೋಗ್ತೈತೋ ಅತ್ತಲಾಗೆ ತಿರುಗ್ಸಿ. ನೆರಳು ಬೀಳಬಾರದು" ಎಂದ. ಪ್ಯಾನೆಲ್ ಕದ್ದವನು, ಕಳಕೊಂಡವಳು, ಹಿಡಿಯಲು ಬಂದವರು ನಾಲ್ಕು ಮೂಲೆಯಲ್ಲಿ ನಿಂತು ಆಕಾಶಕ್ಕೆ ಪ್ಯಾನೆಲ್ ಒಡ್ಡಿದರು. ಕೈ ಸೋತರೂ ಯಾರೂ ಇಳಿಸಲಿಲ್ಲ. ಅಮೃತಾ ಕಟ್ಟೆಯ ಮೇಲಿಟ್ಟ ಫೋನು ನೋಡಿ ಜೋರಾಗಿ ಓದುತ್ತಿದ್ದಳು. ಒಂಬತ್ತು. ಒಂಬತ್ತು. ಎಂಟು. ಹನ್ನೆರಡೂವರೆಗೆ ಏಳು. ಆಮೇಲೆ ಬಹಳ ಹೊತ್ತು ಆರು. ಯರ್ರಿಸ್ವಾಮಿ ಮನೆದೇವರನ್ನು ತೆಲುಗಿನಲ್ಲೂ ಕರೆದ, ಕನ್ನಡದಲ್ಲೂ ಕರೆದ.

ಒಂದೂ ಐದಕ್ಕೆ ಗಾಡಿ ಬಂತು. ಸಿಲಿಂಡರಿನ ಕೊಳವೆ ಆದಿಲಕ್ಷ್ಮಿಯ ಮೂಗಿಗೆ ಹೋದಾಗ ಫೋನು ಇನ್ನೂ ಆರೇ ತೋರಿಸುತ್ತಿತ್ತು. ಪಕ್ಕದ ಮನೆಯ ಗಂಗುಲಮ್ಮ ಜೊತೆಗೆ ಹತ್ತಿದಳು. ಬಾಗಿಲು ಹಾಕುವ ಮುಂಚೆ ಆದಿಲಕ್ಷ್ಮಿ ಗಂಡನ ಪಾದಗಳನ್ನೇ ನೋಡುತ್ತಿದ್ದಳು. "ನಾ ಹೊಲಿದಿದ್ನಲ್ಲ... ಅದೆಲ್ಲಿ?"

"ಐತೆ ಕಣೆ. ಲೇಪಾಕ್ಷಿಯಾಗೈತೆ" ಎಂದ ಅವನು.

ಆಮೇಲೆ ಜಪ್ತಿ ಪಂಚನಾಮೆ ನಡೆಯಿತು. ಯರ್ರಿಸ್ವಾಮಿ ವಿಡಿಯೊ ಹಿಡಿದ. ಇಬ್ಬರು ಪಂಚರ ಮುಂದೆ ಆನಂದಕುಮಾರನೇ ಸ್ಕ್ರೂ ಬಿಚ್ಚಿ, ತುದಿಗಳಿಗೆ ಟೇಪು ಸುತ್ತಿದ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಒಂದೂ ಐವತ್ತಕ್ಕೆ ದಸ್ತಗಿರಿ.

ಅಮೃತಾ ತಡೆಯಲಾರದೆ ಅವನೆದುರು ಬಂದು ನಿಂತಳು. ಅವಳ ಕಣ್ಣು ತುಂಬಿತ್ತು. "ಕೇಳಿದ್ರೆ ನಾನೇ ಕೊಡ್ತಿದ್ನಲ್ಲ ಆನಂದಣ್ಣ. ಒಂದು ಮಾತು ಕೇಳಬಾರದಿತ್ತಾ?"

"ಕೇಳೋಣ ಅಂತಲೇ ಫೋನ್ ಮಾಡಿದ್ದೆ ಮೇಡಂ. ಸೋಮವಾರ. ಮೂರು ಸಲ."

ಅಮೃತಾ ಫೋನು ತೆಗೆದು ನೋಡಿದಳು. ಮೂರು ಮಿಸ್ಡ್ ಕಾಲೂ ಅದರಲ್ಲಿದ್ದವು.

ಜೀಪಿನತ್ತ ನಡೆಯುವಾಗ ಮೋಡವೆಲ್ಲ ಸರಿದು ಬಿಸಿಲು ಧಗಧಗ ಬಿದ್ದಿತ್ತು. ಆನಂದಕುಮಾರ್ ಒಮ್ಮೆ ಮೇಲೆ ನೋಡಿದ, ಒಮ್ಮೆ ಖಾಲಿ ತಾರಸಿಯತ್ತ ನೋಡಿದ. ಅವನ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಗೆಸ್ಟಿನದು ಜಪ್ತಿ ಪಟ್ಟಿಯಲ್ಲಿ ನಾಲ್ಕನೆಯ ವಸ್ತು. ಅವನದು ಠಾಣೆಯಲ್ಲಿ ಸೀಲಾಗಿತ್ತು. ಕಾದ ನೆಲದ ಮೇಲೆ ಅವನು ಅವಸರ ಮಾಡದೆ ನಡೆದ. ಯರ್ರಿಸ್ವಾಮಿ ಅವನನ್ನು ಗೋಡೆಯ ನೆರಳಿಗೆ ಸರಿಸಿ, ತಾನು ಬಿಸಿಲಲ್ಲಿ ನಡೆದ.

ಸಂಜೆ ಠಾಣೆಗೆ ಮರಳಿದ ಪ್ರಮೀಳಾ ಕೇಸ್ ಡೈರಿ ತೆಗೆದಳು. ಆಸ್ಪತ್ರೆಗೆ ಫೋನು ಮಾಡಿದಾಗ, ಆದಿಲಕ್ಷ್ಮಿ ಉಸಿರಾಡುತ್ತಿದ್ದಾಳೆ, ನಾಳೆಯ ಮಾತು ಹೇಳಲಾಗದು ಎಂದಿದ್ದರು. ಕೃತ್ಯಕ್ಕೆ ಕಾರಣ ಎಂಬಲ್ಲಿ ಅವಳು ಆರೋಪಿ ಹೇಳಿದ್ದನ್ನೇ ಬರೆದಳು. ಸಿಲಿಂಡರು ಮುಗಿಯುತ್ತ ಬಂದ ದಿನ ಹೆಂಡತಿ ಅವನನ್ನು ಕೇಳಿದ್ದಳಂತೆ: ಕಂಡೋರಿಗೆಲ್ಲ ಕರೆಂಟ್ ಕೊಟ್ಟು ಬತ್ತೀಯ, ನನಗೊಬ್ಬಳಿಗೆ ಕೊಡಾಕಾಗಲ್ವಾ?

ಅದರ ಕೆಳಗೆ, ಯಾರೂ ಕೇಳದಿದ್ದರೂ, ಇನ್ನೊಂದು ಸಾಲು ಸೇರಿಸಿದಳು. ಆರೋಪಿಯು ಮೇ ಹನ್ನೆರಡರಂದು ಸಂಜೆ 4.10ಕ್ಕೆ, 4.12ಕ್ಕೆ, 6.30ಕ್ಕೆ ಫಿರ್ಯಾದಿಗೆ ಕರೆ ಮಾಡಿರುತ್ತಾನೆ. ಅತಿಥಿಗಳು ಇದ್ದ ಕಾರಣ ಫಿರ್ಯಾದಿಯು ಕರೆ ಸ್ವೀಕರಿಸಿರುವುದಿಲ್ಲ.